ಫೋನ್ ‘ಕಾಯುತ್ತಿದೆ’ ಎನ್ನಬಹುದೇ? ಬಿಸಿ, ಕಾವು, ತಾಪಮಾನ ಪದಗಳ ಬಳಕೆಯ ಕುರಿತು

ಮಾನ್ಯರೇ,

ನನ್ನ ಅಣ್ಣನ ಮಗ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೇಸಿಗೆ ಬಂತೆಂದರೆ ಅವನ ಮೇಜಿನ ಮೇಲೆ ಬಂದು ಬೀಳುವ ಫೋನುಗಳದ್ದೆಲ್ಲ ಹೆಚ್ಚುಕಡಿಮೆ ಒಂದೇ ದೂರು. “ಕಾಕಾ, ಫೋನ್ ಗರಂ ಆದ್ರ ಏನ್ ಮಾಡಬೇಕು, ಏನ್ ಮಾಡಬಾರ್ದು ಅಂತ ಒಂದು ಬೋರ್ಡ್ ಬರ್ಕೊಡ್ರಿ, ಎಲ್ಲರಿಗಿ ಹೇಳಿ ಹೇಳಿ ನನ್ನ ಗಂಟಲಾ ಒಣಗ್ಯದ” ಎಂದು ಕೇಳಿದ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ಹತ್ತು ಸಾಲಿನ ಫಲಕ ಏನು ಮಹಾ ಎಂದುಕೊಂಡು ಕುಳಿತವನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಫೋನ್ ಅತಿಯಾಗಿ ಕಾಯುತ್ತಿದ್ದರೆ’ ಎಂದು ನಾನು ಬರೆದದ್ದನ್ನು ಅಂಗಡಿಯ ಹುಡುಗ ಜೋರಾಗಿ ಓದಿ, “ಫೋನ್ ಯಾರಿಗಿ ಕಾಯ್ಲತ್ತದ್ರಿ ಸರ್?” ಎಂದು ನಕ್ಕ.

ಅವನ ನಗೆಯಲ್ಲಿ ನ್ಯಾಯವಿದೆ. ನಮ್ಮ ಕಡೆ ಹಂಚು ಕಾಯುತ್ತದೆ, ಎಣ್ಣೆ ಕಾಯುತ್ತದೆ, ಜ್ವರ ಬಂದರೆ ‘ಮೈ ಕೆಂಡದಂಗ ಕಾಯ್ದದ’ ಎನ್ನುತ್ತೇವೆ. ಅದೇ ಬಾಯಲ್ಲಿ ‘ಎಮ್ಮಿ ಕಾಯ್ಲಕ ಹೋಗ್ಯಾನ’ ಎಂದೂ ‘ತಾಸಾಯ್ತು ಬಸ್ಸಿಗಿ ಕಾಯ್ಲತ್ತೀನಿ’ ಎಂದೂ ಹೇಳುತ್ತೇವೆ. ಹಂಚಿಗಾಗಲಿ ಎಣ್ಣೆಗಾಗಲಿ ಯಾರನ್ನೂ ಎದುರುನೋಡುವ ಶಕ್ತಿ ಇಲ್ಲವಾದ್ದರಿಂದ ಅಲ್ಲಿ ಗೊಂದಲ ಹುಟ್ಟುವುದಿಲ್ಲ. ಫೋನಿನ ಸಂಗತಿ ಬೇರೆ. ಅದು ದಿನಕ್ಕೆ ಹತ್ತು ಸಲ ನಿಜವಾಗಿಯೂ ಕಾಯುತ್ತದೆ, ನೆಟ್‌ವರ್ಕ್‌ಗೆ ಕಾಯುತ್ತದೆ, ಓಟಿಪಿಗೆ ಕಾಯುತ್ತದೆ, ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂದು ನಮ್ಮನ್ನೂ ಕಾಯಿಸುತ್ತದೆ. ತಮಿಳಿನಲ್ಲಿ ಬಿಸಿಯಾಗುವುದಕ್ಕೆ ‘ಕಾಯ್’, ಕಾಪಾಡುವುದಕ್ಕೆ ‘ಕಾ’ ಎಂದು ಧಾತುಗಳೇ ಬೇರೆ ಬೇರೆ. ಸೇಡಂ, ಗುರುಮಠಕಲ್ ಕಡೆ ಕಿವಿಗೆ ಬೀಳುವ ತೆಲುಗಿನಲ್ಲಿ ‘ಕಾಚು’ ಎಂಬುದಕ್ಕೆ ಕಾಯಿಸು, ಕಾಪಾಡು ಎಂಬ ಎರಡು ಅರ್ಥಗಳಿದ್ದರೂ ತಾನಾಗಿ ಬಿಸಿಯಾಗುವುದಕ್ಕೆ ‘ಕಾಗು’ ಎಂಬ ಬೇರೆ ರೂಪವಿದೆ. ಕನ್ನಡದಲ್ಲಿ ಮಾತ್ರ ಎರಡೂ ಒಂದೇ ರೂಪಕ್ಕೆ ಬಂದು ಕೂತಿವೆ. ‘ಕಾಸು’ ಎಂಬುದು ಸ್ಪಷ್ಟವಾಗಿ ಬಿಸಿಗೇ ಮೀಸಲಾದ ಕ್ರಿಯಾಪದ ಹೌದು, ಹಾಲು ಕಾಸುತ್ತೇವೆ, ತುಪ್ಪ ಕಾಸುತ್ತೇವೆ. ಆದರೆ ಫೋನನ್ನು ಯಾರೂ ಬೇಕೆಂದು ಕಾಸುವುದಿಲ್ಲವಲ್ಲ.

ಬೀದಿಯ ಮಾತಿನಲ್ಲಿ ಇರುವವು ಎರಡು, ‘ಗರಂ ಆಗ್ಯಾದ’ ಮತ್ತು ‘ಹೀಟ್ ಆಗ್ಯಾದ’. ಎರಡೂ ಚೆನ್ನಾಗಿ ಅರ್ಥವಾಗುತ್ತವೆ, ಬಾಯಲ್ಲಿ ನನಗೂ ಅವೇ ಬರುತ್ತವೆ. ಬರಹಕ್ಕೆ ತಂದಾಗ ಮಾತ್ರ ‘ಗರಂ’ ಪದಕ್ಕೆ ಪತ್ರಿಕೆಯ ವಾಸನೆ ಅಂಟಿಕೊಂಡಿದೆ. ‘ಅಧಿಕಾರಿಗಳ ವಿರುದ್ಧ ಸಚಿವರು ಗರಂ’ ಎಂಬ ತಲೆಬರಹಗಳನ್ನು ಓದಿ ಓದಿ, ‘ಫೋನ್ ಗರಂ’ ಎಂದರೆ ಅದು ಯಾರ ಮೇಲೋ ಸಿಟ್ಟಾದಂತೆ ಕಾಣುತ್ತದೆ. ‘ಹೀಟ್’ ಎಂದರೆ ನಮ್ಮ ಮನೆಗಳಲ್ಲಿ ಪಪ್ಪಾಯಿ ತಿಂದು ಮೈಯಲ್ಲಿ ಏರುವ ಉಷ್ಣ. ಈ ಕಾರಣಗಳಿಂದ ಕ್ರಿಯಾಪದದ ಮಟ್ಟಿಗೆ ‘ಬಿಸಿಯಾಗು’ ಎಂಬುದೇ ಲೇಸೆಂದು ತೀರ್ಮಾನಿಸಿದ್ದೇನೆ. ಇದಕ್ಕೆ ವಿರೋಧವಿರುವವರು ತಿಳಿಸಬೇಕು.

ನನ್ನ ನಿಜವಾದ ತೊಡಕು ನಾಮಪದದಲ್ಲಿದೆ. ಅದನ್ನು ವಿವರಿಸಲು ಕಳೆದ ಮೇ ತಿಂಗಳಲ್ಲಿ ಅಂಗಡಿಯಲ್ಲಿ ನಡೆದದ್ದನ್ನು ಹೇಳಬೇಕು. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಮನೆಮನೆಗೆ ಪಾರ್ಸಲ್ ಮುಟ್ಟಿಸುವ ಹುಡುಗನೊಬ್ಬ ಮಧ್ಯಾಹ್ನ ಎರಡರ ಸುಮಾರಿಗೆ ಬಂದ. ಫೋನಿನ ಬೆನ್ನು ಮುಟ್ಟಲು ಬಾರದಷ್ಟು ಬಿಸಿಯಾಗಿತ್ತು, ಪರದೆ ತಾನಾಗಿಯೇ ಮಂಕಾಗಿತ್ತು, ನಕ್ಷೆ ತಡೆತಡೆದು ಸರಿಯುತ್ತಿತ್ತು. ನನ್ನ ಅಣ್ಣನ ಮಗ ಒಂದು ಆ್ಯಪ್ ತೆರೆದು ತೋರಿಸಿದಾಗ ಅಲ್ಲಿ ‘ತಾಪಮಾನ 43 ಡಿಗ್ರಿ’ ಎಂದಿತ್ತು. ಆ ಹುಡುಗ ಅದನ್ನು ನೋಡಿ, “ಅಣ್ಣಾ, ಕಲಬುರ್ಗಿ ಬಿಸಲೂ ನಲವತ್ಮೂರೇ ಅದ, ಫೋನೂ ನಲವತ್ಮೂರೇ ಅದ. ಮತ್ತ ಇದ್ರಾಗ ಗರಂ ಆಗಿದ್ದೇನು?” ಎಂದ. ಅದು ತಮಾಷೆಯ ಮಾತಲ್ಲ, ಸರಿಯಾದ ಪ್ರಶ್ನೆ. ಯಾವುದರ ತಾಪಮಾನ ಎಂಬುದನ್ನು ಆ ಆ್ಯಪ್ ಹೇಳಿರಲೇ ಇಲ್ಲ.

ಫೋನಿನಲ್ಲಿ ಅಳೆಯುವ ಜಾಗ ಒಂದಲ್ಲ. ಬ್ಯಾಟರಿಗೆ ಅಂಟಿಕೊಂಡ ಒಂದು ಸೆನ್ಸರ್ ಇರುತ್ತದೆ, ಪ್ರೊಸೆಸರ್ ಚಿಪ್ಪಿನ ಒಳಗೇ ಹಲವು ಇರುತ್ತವೆ, ಹೊರಮೈ ಎಷ್ಟು ಬಿಸಿಯಾಗಿದೆ ಎಂಬುದರ ಲೆಕ್ಕ ಬೇರೆ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯ ಆ್ಯಪ್‌ಗಳಿಗೆ ಸುಲಭವಾಗಿ ಸಿಗುವುದು ಬ್ಯಾಟರಿಯ ಅಂಕಿ ಮಾತ್ರ. ಕೆಲವು ಫೋನುಗಳಲ್ಲಿ ಕರೆ ಮಾಡುವ ಜಾಗದಲ್ಲಿ *#*#4636#*#* ಎಂದು ಒತ್ತಿದರೆ ತೆರೆದುಕೊಳ್ಳುವ ಪುಟದಲ್ಲಿ ಕಾಣುವುದೂ ಅದೇ. ಚಿಪ್ಪಿನ ಒಳಗಿನ ಅಂಕಿಗಳನ್ನು ಓದಲು ಈಚಿನ ಆವೃತ್ತಿಗಳು ಆ್ಯಪ್‌ಗಳಿಗೆ ಬಹುಮಟ್ಟಿಗೆ ಬಿಡುವುದಿಲ್ಲ. ಐಫೋನ್ ಅಂತೂ ಡಿಗ್ರಿಯನ್ನೇ ತೋರಿಸುವುದಿಲ್ಲ, ತೀರ ಬಿಸಿಯಾದಾಗ ಒಂದು ಎಚ್ಚರಿಕೆಯ ಪರದೆ ಹಾಕಿ ಸುಮ್ಮನಾಗುತ್ತದೆ. ಹೀಗಾಗಿ ‘ಪ್ರೊಸೆಸರ್ ತಾಪಮಾನ’ ಎಂಬ ಹೆಸರಿನಡಿ ಜನ ನೋಡುವ ಅಂಕಿ ಎಷ್ಟೋ ಸಲ ಬ್ಯಾಟರಿಯದ್ದಾಗಿರುತ್ತದೆ. 43 ಎಂಬುದು ಚಿಪ್ಪಿಗೆ ಏನೇನೂ ಅಲ್ಲ, ಭಾರದ ಕೆಲಸದಲ್ಲಿ ಅದು 70, 80 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಗೆ ಮಾತ್ರ ಅದು ಅಂಚಿನ ಅಂಕಿ. 45 ದಾಟಿದ ಮೇಲೆ ಚಾರ್ಜ್ ಮಾಡುವುದು ಅದಕ್ಕೆ ಒಳ್ಳೆಯದಲ್ಲವಾದ್ದರಿಂದ ಬಹಳ ಫೋನುಗಳು ತಾವೇ ಚಾರ್ಜಿಂಗ್ ನಿಧಾನ ಮಾಡುತ್ತವೆ ಇಲ್ಲವೇ ನಿಲ್ಲಿಸುತ್ತವೆ. ಒಂದೇ ಅಂಕಿ ಒಂದಕ್ಕೆ ಆಟ, ಇನ್ನೊಂದಕ್ಕೆ ಕಾಟ.

ಇಲ್ಲಿ ಪದದ ಪ್ರಶ್ನೆ ಏಳುತ್ತದೆ. ನಮ್ಮ ಪತ್ರಿಕೆಗಳು ‘43 ಡಿಗ್ರಿ ಉಷ್ಣಾಂಶ’ ಎಂದೂ ‘ತಾಪಮಾನ’ ಎಂದೂ ಬರೆಯುತ್ತವೆ. ‘ಉಷ್ಣಾಂಶ’ದಲ್ಲಿರುವ ‘ಅಂಶ’ವನ್ನು ಅಕ್ಷಾಂಶ, ರೇಖಾಂಶಗಳಲ್ಲಿ ಇರುವಂತೆ ಡಿಗ್ರಿ ಎಂಬ ಅರ್ಥದಲ್ಲಿ ತೆಗೆದುಕೊಂಡರೆ ಪದ ಸರಿಯಾಗಿಯೇ ಇದೆ. ಆದರೆ ತೊಗರಿಯ ತೇವಾಂಶ ನೋಡಿ ದರ ಕಟ್ಟುವ ನಮ್ಮ ಊರಿನಲ್ಲಿ ‘ಅಂಶ’ ಎಂದರೆ ಒಳಗೆ ಎಷ್ಟಿದೆ ಎಂಬ ಪ್ರಮಾಣ. ಹಾಗಾಗಿ ‘ಫೋನಿನ ಉಷ್ಣಾಂಶ’ ಎಂದರೆ ಫೋನಿನಲ್ಲಿ ತುಂಬಿಕೊಂಡ ಬಿಸಿ ಎಂದೇ ಓದುಗರು ತಿಳಿಯುತ್ತಾರೆ. ‘ತಾಪಮಾನ’ದಲ್ಲಿ ಅಳತೆ ಎಂಬ ಅರ್ಥದ ‘ಮಾನ’ ಇರುವುದರಿಂದ ನನಗೆ ಅದೇ ವಾಸಿ ಅನ್ನಿಸುತ್ತದೆ. ಜೊತೆಗೆ ಒಂದು ಕಟ್ಟುಪಾಡು ಬೇಕು: ‘ತಾಪಮಾನ’ವನ್ನು ಬ್ಯಾಟರಿಯ, ಚಿಪ್ಪಿನ, ಹೊರಗಿನ ಎಂಬ ಷಷ್ಠಿ ವಿಭಕ್ತಿ ಇಲ್ಲದೆ ಒಂಟಿಯಾಗಿ ಬರೆಯಬಾರದು. ಪ್ರೊಸೆಸರ್ ಪದಕ್ಕೆ ‘ಸಂಸ್ಕಾರಕ’ ಎಂಬ ಅನುವಾದ ಇರುವುದು ಗೊತ್ತು. ಅದನ್ನು ಅಂಗಡಿಯಲ್ಲಿ ಓದಿ ಹೇಳಿದಾಗ ಒಬ್ಬರು ಫೋನಿನ ಅಂತ್ಯಸಂಸ್ಕಾರವೇ ಎಂದು ಕೇಳಿದ ಮೇಲೆ ಪ್ರೊಸೆಸರ್ ಎಂದೇ ಉಳಿಸಿಕೊಂಡಿದ್ದೇನೆ.

ಅಳೆಯುವ ಬಿಸಿಗೆ ‘ತಾಪಮಾನ’ ಆಯಿತು. ಮುಟ್ಟಿದರೆ ತಿಳಿಯುವ ಬಿಸಿಗೆ ಏನು? ಬಿಸಿಲ ನಾಡಿನವರಾದ ನಮಗೆ ಇಲ್ಲಿ ಪದಗಳ ಬಡತನವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪ್ರದೇಶ ಇದು. ಮೈಗೆ ಬಡಿಯುವುದು ಝಳ, ನೆಲದಿಂದ ಏಳುವುದು ಧಗೆ, ಗಾಳಿಯಾಡದೆ ಬೆವರಿಳಿಸುವುದು ಕುದಿ. ಇವೆಲ್ಲ ಹೊರಗಿನಿಂದ ಬರುವಂಥವು. ಒಳಗಿಂದಲೇ ಹುಟ್ಟುವ ಬಿಸಿಗೆ ‘ಕಾವು’ ಎನ್ನುತ್ತೇವೆ. ಹಸಿ ಇರುವ ಜೋಳವನ್ನು ರಾಶಿ ಹಾಕಿದರೆ ಕಾವೇರುತ್ತದೆ, ಹುಲ್ಲಿನಲ್ಲಿ ಮುಚ್ಚಿಟ್ಟ ಮಾವಿನಕಾಯಿ ಕಾವಿಗೆ ಹಣ್ಣಾಗುತ್ತದೆ, ಕೋಳಿ ಮೊಟ್ಟೆಗೆ ಕಾವು ಕೊಡುತ್ತದೆ. ಈ ಭೇದ ಫೋನಿಗೆ ಹೇಳಿ ಮಾಡಿಸಿದಂತಿದೆ. ಗೇಮ್ ಆಡುವಾಗ, ವಿಡಿಯೋ ತೆಗೆಯುವಾಗ, ಸಿಗ್ನಲ್ ಕಡಿಮೆ ಇರುವ ಕಡೆ ಹಾಟ್‌ಸ್ಪಾಟ್ ಹಚ್ಚಿದಾಗ ಚಿಪ್ಪಿನಿಂದ ಹುಟ್ಟುವುದು ಕಾವು. ಬೈಕಿನ ಮೇಲೆ ಬಿಸಿಲಿಗೆ ಒಡ್ಡಿದಾಗ ತಗಲುವುದು ಝಳ. ಪಾರ್ಸಲ್ ಹುಡುಗನ ಫೋನಿಗೆ ಎರಡೂ ಸೇರಿದ್ದವು. ಫ್ಯಾನ್ ಇಲ್ಲದ ಫೋನು ತನ್ನ ಕಾವನ್ನು ಗ್ರಾಫೈಟ್ ಹಾಳೆಯಂಥವುಗಳ ಮೂಲಕ ಬೆನ್ನಿಗೆ ಹರಡಿ ಅಲ್ಲಿಂದ ಗಾಳಿಗೆ ಬಿಡಬೇಕು, ಗಾಳಿಯೇ 43 ಇದ್ದರೆ ಬಿಡುವುದೆಲ್ಲಿಗೆ? ಐಫೋನನ್ನು ಸುತ್ತಲಿನ ತಾಪಮಾನ 0ರಿಂದ 35 ಡಿಗ್ರಿ ಇರುವಲ್ಲಿ ಬಳಸಬೇಕೆಂದು ಆ್ಯಪಲ್ ಕಂಪನಿ ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮ ಬೇಸಿಗೆಯ ಮಧ್ಯಾಹ್ನ ಅದನ್ನು ಮನೆಯ ಹೊರಗೆ ತೆಗೆಯುವ ಹಾಗೇ ಇಲ್ಲ. ‘ಒಲೆಯ ಕಾವು’ ಎಂಬ ಪ್ರಯೋಗ ನನ್ನ ಈ ವಿಂಗಡಣೆಗೆ ಅಡ್ಡ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಒಲೆಯ ದೃಷ್ಟಿಯಿಂದ ಅದು ಒಳಗಿನದೇ ಎಂದು ಸಮಾಧಾನ ಹೇಳಬಹುದೇನೋ. ದಕ್ಷಿಣದ ಜಿಲ್ಲೆಗಳವರಿಗೆ ‘ಕಾವು’ ಹೀಗೆ ಕೇಳಿಸುತ್ತದೆಯೇ ಎಂಬುದನ್ನು ಅಲ್ಲಿನವರೇ ಹೇಳಬೇಕು.

ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸುತ್ತದಲ್ಲ, ಥ್ರಾಟ್ಲಿಂಗ್ ಎನ್ನುತ್ತಾರೆ, ಅದಕ್ಕೆ ನಾಮಪದ ಹುಡುಕಿ ನಾನು ದಣಿದೆ. ಲಗಾಮು, ಕಡಿವಾಣ ಎಂದರೆ ಯಾರೋ ಮೇಲೆ ಕುಳಿತು ಎಳೆದಂತೆ. ಬಿಸಿಲೇರಿದಾಗ ಎತ್ತು ತಾನೇ ಹೆಜ್ಜೆ ಸಣ್ಣ ಮಾಡುವ ಬಗೆ ಇದು. ಕೊನೆಗೆ ಹೊಳೆದದ್ದೇನೆಂದರೆ, ಇದಕ್ಕೆ ಕನ್ನಡದಲ್ಲಿ ನಾಮಪದವೇ ಬೇಕಿಲ್ಲ, ‘ಕೊಳ್ಳು’ ಸಾಕು. ‘ಬಿಸಿ ಇಳಿಯಲೆಂದು ಫೋನ್ ತನ್ನ ವೇಗವನ್ನು ತಗ್ಗಿಸಿಕೊಂಡಿದೆ’ ಎಂದರೆ ಕೆಟ್ಟಿಲ್ಲ, ಯಾರೂ ಕೆಡಿಸಿಲ್ಲ, ತನ್ನ ರಕ್ಷಣೆಗೆ ತಾನೇ ಮಾಡಿಕೊಂಡಿದೆ ಎಂಬುದೆಲ್ಲ ಆ ಒಂದು ಸಹಾಯಕ ಕ್ರಿಯಾಪದದಲ್ಲಿ ಬಂದುಬಿಡುತ್ತದೆ. ಹ್ಯಾಂಗ್ ಆಯಿತೆಂದು ಗಾಬರಿಯಾಗಿ ಬರುವ ಗಿರಾಕಿಗೆ ಬೇಕಾದದ್ದೂ ಇಷ್ಟೇ ತಿಳಿವಳಿಕೆ.

ಮುಂದಿನದು ಆರಿಸುವ ಮಾತು. ‘ಫೋನ್ ಆರಲು ಬಿಡಿ’ ಎಂದು ಬರೆದಿದ್ದೆ, ಚಹಾ ಆರಿಸಿ ಕುಡಿಯುವವರ ಭಾಷೆ ತಾನೆ. ಆದರೆ ಅದೇ ಅಂಗಡಿಗೆ ನೀರಿನಲ್ಲಿ ಬಿದ್ದ ಫೋನುಗಳೂ ಬರುತ್ತವೆ, ಬಟ್ಟೆಯಂತೆ ಅವೂ ಆರಬೇಕು. ದೀಪದಂತೆ ಪರದೆ ಆರುವುದು ಇನ್ನೊಂದು. ಆದ್ದರಿಂದ ಅದನ್ನು ಹೊಡೆದುಹಾಕಿ ‘ತಂಪು ಮಾಡಿ’ ಎಂದು ಬರೆದೆ. ಇದಕ್ಕೆ ಅಣ್ಣನ ಮಗನೇ ಹೌಹಾರಿದ. ‘ಮಾಡಿ’ ಎಂದರೆ ಜನ ಮಾಡುತ್ತಾರೆ, ಫ್ರಿಜ್‌ನಲ್ಲಿ ಇಡುತ್ತಾರೆ, ಹೋದ ವರ್ಷ ಒಬ್ಬರು ಐಸ್ ಮೇಲೆ ಇಟ್ಟು ತಂದಿದ್ದರಂತೆ. ತಣ್ಣೀರಿನ ತಂಬಿಗೆ ಹೊರಗೆ ಬೆವರುವ ಹಾಗೆ ಫ್ರಿಜ್‌ನಿಂದ ತೆಗೆದ ಫೋನು ಒಳಗೂ ಬೆವರುತ್ತದೆ, ಆ ಹನಿ ಬೋರ್ಡಿಗೆ ವಿಷ. ‘ತಣ್ಣಗಾಗಲು ಬಿಡಿ’ ಎಂಬಲ್ಲಿ ಕೆಲಸ ಫೋನಿನದು, ನಮ್ಮದು ಸುಮ್ಮನಿರುವುದು. ಚಾರ್ಜರ್ ಕೀಳುವುದು, ಕವರ್ ತೆಗೆಯುವುದು, ಗೇಮ್ ಮುಚ್ಚುವುದು, ನೆರಳಿಗೆ ತರುವುದು, ಇಷ್ಟಾದ ಮೇಲೆ ಅವನು ಫೋನನ್ನು ಅಂಗಡಿಯ ಶಹಾಬಾದ್ ಪರಸಿಯ ಮೇಲೆ ಬೋರಲಾಗಿ ಅಲ್ಲ, ಬೆನ್ನು ಕೆಳಗಾಗಿ ಮಲಗಿಸುತ್ತಾನೆ. ತಂಪಾದ ಕಲ್ಲು ಐದು ಹತ್ತು ನಿಮಿಷದಲ್ಲಿ ಬೆನ್ನಿನ ಬಿಸಿ ಎಳೆದುಕೊಳ್ಳುತ್ತದೆ. ‘ಎಳೆದುಕೊಳ್ಳು’, ಇಲ್ಲೂ ಮತ್ತೆ ಅದೇ ‘ಕೊಳ್ಳು’.

ಈಗ ನಾನು ಉತ್ತರ ಕಾಣದೆ ನಿಂತ ಜಾಗ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಫೋನ್ ತನ್ನ ಬಿಸಿಯ ಸ್ಥಿತಿಯನ್ನು ಆ್ಯಪ್‌ಗಳಿಗೆ ಏಳು ಹಂತಗಳಲ್ಲಿ ತಿಳಿಸುತ್ತದೆ: ನನ್, ಲೈಟ್, ಮಾಡರೇಟ್, ಸಿವಿಯರ್, ಕ್ರಿಟಿಕಲ್, ಎಮರ್ಜೆನ್ಸಿ, ಶಟ್‌ಡೌನ್. ಅಣ್ಣನ ಮಗ ಇವನ್ನೂ ಕನ್ನಡದಲ್ಲಿ ಬೋರ್ಡಿನ ಕೆಳಗೆ ಹಾಕಬೇಕೆನ್ನುತ್ತಾನೆ. ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಬಿಸಿ ಎಂಬ ಏಣಿ ಮೊದಲು ನೆನಪಿಗೆ ಬಂದರೂ ಅದು ಸಲ್ಲುವುದಿಲ್ಲ, ಏಕೆಂದರೆ ಈ ಹಂತಗಳು ಕೈಗೆ ತಿಳಿಯುವ ಬಿಸಿಯನ್ನಲ್ಲ, ಆ ಬಿಸಿಗಾಗಿ ಫೋನ್ ತನ್ನ ಕೆಲಸವನ್ನು ಎಷ್ಟು ಕಡಿತ ಮಾಡಿಕೊಂಡಿದೆ ಎಂಬುದನ್ನು ಹೇಳುತ್ತವೆ. ಮೊದಲನೆಯದಕ್ಕೆ ‘ಸಹಜ’, ಲೈಟ್‌ಗೆ ‘ಅಲ್ಪ’, ಮಾಡರೇಟ್‌ಗೆ ‘ಮಧ್ಯಮ’, ಎಮರ್ಜೆನ್ಸಿಗೆ ‘ತುರ್ತು’, ಕೊನೆಯದಕ್ಕೆ ‘ಸ್ಥಗಿತ’ ಎಂದು ಬರೆದುಕೊಂಡಿದ್ದೇನೆ. ಉಳಿದದ್ದು ನಡುವಿನ ಜೋಡಿ. ಸಿವಿಯರ್ ಎಂದರೆ ಬಳಸುವವರಿಗೆ ಚೆನ್ನಾಗಿ ಗೊತ್ತಾಗುವಷ್ಟು ಫೋನ್ ನಿಧಾನವಾಗಿರುವ ಸ್ಥಿತಿ. ಕ್ರಿಟಿಕಲ್ ಎಂದರೆ ವಿದ್ಯುತ್ ಬಳಕೆ ತಗ್ಗಿಸಲು ತನ್ನಿಂದ ಆಗುವುದೆಲ್ಲವನ್ನೂ ಮಾಡಿ ಮುಗಿಸಿದ ಸ್ಥಿತಿ. ನಮ್ಮ ಪತ್ರಿಕೆಗಳ ಕನ್ನಡದಲ್ಲಿ ‘ಗಂಭೀರ ಗಾಯ’ ಎಂದಾಗ ಗಂಭೀರ ಮೊದಲನೆಯದಕ್ಕೆ ಸಲ್ಲುತ್ತದೆ, ‘ಸ್ಥಿತಿ ಗಂಭೀರ’ ಎಂದಾಗ ಎರಡನೆಯದಕ್ಕೆ. ‘ತೀವ್ರ’ ಮತ್ತು ‘ಗಂಭೀರ’ ಎಂದು ಹಂಚಿಕೊಟ್ಟರೆ ಓದುವವರಿಗೆ ಯಾವುದು ಮೇಲಿನ ಹಂತವೆಂದು ತಾನಾಗಿ ತಿಳಿಯುತ್ತದೆಯೇ, ಅಥವಾ ಎರಡನೆಯದಕ್ಕೆ ‘ವಿಷಮ’ ಎನ್ನುವುದು ಒಳ್ಳೆಯದೇ? ಬೋರ್ಡ್ ಬರೆಯುವವನು ಸೋಮವಾರ ಬರುತ್ತಾನೆ, ಅಷ್ಟರೊಳಗೆ ಬಲ್ಲವರು ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.