ಹಿತ್ತಲಿಗೆ ಬರುವ ಬೀಡಾಡಿ ಬೆಕ್ಕುಗಳು: ಡಾಕ್ಟರನ್ನು ಕೇಳಿ

ಅಡ್ಮಿನ್: ಈ ವಾರ ನಮ್ಮ ಗುಂಪಿನ ಪಶುವೈದ್ಯರು ಹಳ್ಳಿಮನೆಗಳಿಗೆ ಬಂದು ಹೋಗುವ ಬೆಕ್ಕುಗಳ ಬಗ್ಗೆ ಉತ್ತರ ಕೊಡುತ್ತಾರೆ. ಸಾಕಿದ ಬೆಕ್ಕಲ್ಲ, ಕೈಗೆ ಸಿಗದ ಬೆಕ್ಕು. ಕೇಳುವ ಮೊದಲು ಮೇಲಿನದ್ದನ್ನು ಓದಿ. ಫಾರ್ವರ್ಡ್ ಬೇಡ.

ಹಂಚಿನಮನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಹಿತ್ತಲಿಗೆ ಮೂರು ಬೆಕ್ಕು ಬರುತ್ತವೆ. ಸಂಜೆ ಒಂದು ಬಟ್ಟಲು ಹಾಲು ಇಡುತ್ತೇನೆ. ಒಂದಕ್ಕೆ ವಾರದಿಂದ ಭೇದಿ. ಏನು ಔಷಧಿ ಕೊಡಲಿ?

ಡಾಕ್ಟರ್: ನಮಸ್ಕಾರ. ಔಷಧಿ ಬೇಡ, ಹಾಲು ನಿಲ್ಲಿಸಿ. ಮರಿಯಾಗಿದ್ದಾಗ ಹಾಲು ಅರಗುತ್ತದೆ. ದೊಡ್ಡದಾದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಕರುಳಲ್ಲಿ ಹುಳಿಯುತ್ತದೆ, ಭೇದಿಯಾಗುತ್ತದೆ. ಆಸೆಯಿಂದ ಕುಡಿಯುತ್ತದೆ, ನಿಜ. ಆಸೆಪಟ್ಟಿದ್ದೆಲ್ಲ ಒಗ್ಗಬೇಕೆಂದಿಲ್ಲವಲ್ಲ. ನೀರಿಡಿ, ದಿನಾ ಬದಲಿಸಿ. ತಿನ್ನಲು ಬೆಕ್ಕಿನ ಆಹಾರ, ಇಲ್ಲವೇ ಮೂಳೆ ತೆಗೆದು ಬೇಯಿಸಿದ ಮಾಂಸ. ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು ಬೇಡ, ಅವು ಬೆಕ್ಕಿನ ರಕ್ತಕಣ ಒಡೆಯುತ್ತವೆ. ಇನ್ನೊಂದು ಮಾತು. ದಿನಾ ಒಂದೇ ಹೊತ್ತಿಗೆ ಇಡಿ, ಅರ್ಧ ಗಂಟೆ ಬಿಟ್ಟು ಬಟ್ಟಲು ಎತ್ತಿಬಿಡಿ. ರಾತ್ರಿಯೆಲ್ಲ ಬಿಟ್ಟರೆ ಇಲಿಗೂ ಊಟ ಹಾಕಿದ ಹಾಗೆ. ಹೊತ್ತಿಗೆ ಸರಿಯಾಗಿ ಬರುವ ಬೆಕ್ಕನ್ನು ಮುಂದೆ ಮರಿಯಾಗದ ಹಾಗೆ ಮಾಡುವ ಆಪರೇಷನ್‌ಗೆ ಹಿಡಿಯುವುದೂ ಸುಲಭ. ಭೇದಿಯಲ್ಲಿ ರಕ್ತ ಕಂಡರೆ ಮತ್ತೆ ಬರೆಯಿರಿ.

ಸೌದೆರಾಶಿ: ಸೌದೆ ಸಂದಿಯಲ್ಲಿ ನಾಲ್ಕು ಮರಿ ಇವೆ. ಕಣ್ಣು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆಯಿಂದ ತಾಯಿ ಕಾಣುತ್ತಿಲ್ಲ. ಒಳಗೆ ತಂದುಕೊಳ್ಳಲಾ?

ಡಾಕ್ಟರ್: ಬೇಡ. ಮುಟ್ಟಬೇಡಿ. ಮರಿಗಳು ಒತ್ತೊತ್ತಾಗಿ ಸುಮ್ಮನೆ ಮಲಗಿವೆಯಾ? ಹೊಟ್ಟೆ ಗುಂಡಗಿದೆಯಾ? ಹಾಗಿದ್ದರೆ ತಾಯಿ ಬಂದು ಹೋಗುತ್ತಿದೆ. ಬೇಟೆಗೆ ಹೋದದ್ದು ಗಂಟೆಗಟ್ಟಲೆ ಬರದೆ ಇರಬಹುದು. ನೀವು ಅಲ್ಲೇ ನಿಂತಿದ್ದರೂ ಬರುವುದಿಲ್ಲ. ರಾಶಿಯ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ, ಒಳಗೆ ಹೋಗಿ. ಸಂಜೆ ಹೆಜ್ಜೆ ಗುರುತು ಇದೆಯಾ ನೋಡಿ. ಮರಿಗಳು ಅತ್ತು ಅತ್ತು ಸೋತಿದ್ದರೆ, ಮೈ ತಣ್ಣಗಿದ್ದರೆ ಆಗ ಮಾತ್ರ ಎತ್ತಿಕೊಳ್ಳಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಹಸುವಿನ ಹಾಲಲ್ಲ, ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆ ಮೇಲೆ ಮಲಗಿಸಿ ಕುಡಿಸಿ.

ಸೌದೆರಾಶಿ: ಸರಿ, ಹಿಟ್ಟು ಉದುರಿಸಿದ್ದೇನೆ.

ಮಳೆಗಾಲ: ಡಾಕ್ಟ್ರೇ, ಬಿಳಿ ಬೆಕ್ಕುಗಳಿಗೆ ಕಿವಿ ಕೇಳಿಸಲ್ಲ ಅಂತಾರೆ, ನಿಜವಾ? ನಮ್ಮಲ್ಲಿಗೆ ಒಂದು ಬರುತ್ತದೆ, ಕೂಗಿದರೆ ತಿರುಗುವುದೇ ಇಲ್ಲ.

ಕೊಟ್ಟಿಗೆಮೂಲೆ: ನಮಸ್ಕಾರ. ನನ್ನದು ಸ್ವಲ್ಪ ಉದ್ದ ಇದೆ. ಒಂದು ಕಪ್ಪುಬಿಳಿ ಗಂಡುಬೆಕ್ಕು ಮೂರು ವರ್ಷದಿಂದ ಬರುತ್ತಿದೆ. ಹತ್ತು ಹೆಜ್ಜೆಗಿಂತ ಹತ್ತಿರ ಯಾವತ್ತೂ ಬಿಟ್ಟುಕೊಂಡಿಲ್ಲ. ನಾಲ್ಕು ದಿನದಿಂದ ಜಗಲಿ ಮೆಟ್ಟಿಲ ಮೇಲೆ ಕೂತೇ ಇರುತ್ತದೆ. ಹೋದರೂ ಓಡುವುದಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತದೆ, ಎದೆಯ ಬಿಳಿ ಕೂದಲೆಲ್ಲ ಅಂಟಂಟು. ಬಟ್ಟಲ ಹತ್ತಿರ ಬರುತ್ತದೆ, ಮೂಸುತ್ತದೆ, ಒಂದು ತುತ್ತು ಕಚ್ಚಿ ಕಿರುಚಿಕೊಂಡು ಹಿಂದೆ ಹಾರುತ್ತದೆ. ನಿನ್ನೆ ಮೊದಲ ಸಲ ತಲೆ ಸವರಿದೆ. ಕೊನೆಗೂ ಪಳಗಿತು ಅಂತ ಖುಷಿಯಾಯಿತು. ಜೊಲ್ಲಿಗೆ ಏನು ಮಾಡಲಿ?

ಡಾಕ್ಟರ್: ಮೊದಲು ಇದು ಹೇಳಿ. ಕಚ್ಚಿತಾ? ಪರಚಿತಾ? ಉಳಿದದ್ದು ಆಮೇಲೆ.

ಕೊಟ್ಟಿಗೆಮೂಲೆ: ಕಚ್ಚಿಲ್ಲ. ಮುಂಗೈ ಹಿಂದೆ ಒಂದು ಗೀರು. ಚೂರು ರಕ್ತ ಬಂತು, ಸೆರಗಲ್ಲಿ ಒರೆಸಿಕೊಂಡೆ. ಕೈಗೆ ಜೊಲ್ಲೂ ತಾಗಿತ್ತು.

ಡಾಕ್ಟರ್: ಅಕ್ಕಾ, ಇದನ್ನು ಓದಿ ಮುಗಿಸುವ ಮೊದಲು ನಲ್ಲಿ ಹತ್ತಿರ ಹೋಗಿ. ಹರಿಯುವ ನೀರು, ಸೋಪು, 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ನಿನ್ನೆಯ ಗೀರಾದರೂ ಪರವಾಗಿಲ್ಲ, ತೊಳೆಯಿರಿ. ಬಟ್ಟೆ ಕಟ್ಟಬೇಡಿ, ಏನನ್ನೂ ಹಚ್ಚಬೇಡಿ. ಅಲ್ಲಿಂದ ನೇರ ಆಸ್ಪತ್ರೆಗೆ. ಇವತ್ತೇ. ನಾಳೆ ಅಲ್ಲ. ರಕ್ತ ಬಂದ ಗೀರು, ಜೊಲ್ಲು ತಾಗಿದೆ ಅಂತ ಎರಡನ್ನೂ ಹೇಳಿ. ಹಾಗಾದರೆ ರೇಬಿಸ್ ಲಸಿಕೆಯ ಜೊತೆ ಗಾಯದ ಜಾಗಕ್ಕೇ ಕೊಡುವ ಇನ್ನೊಂದು ಇಂಜೆಕ್ಷನ್ ಬೇಕಾ ಅಂತ ಅವರು ನೋಡುತ್ತಾರೆ.

ಈಗ ಬೆಕ್ಕಿನ ವಿಷಯ. ಬೀಡಾಡಿ ಬೆಕ್ಕು ನಾಲ್ಕು ದಿನದಲ್ಲಿ ಪಳಗುವುದಿಲ್ಲ. ಮೂರು ವರ್ಷ ಓಡಿದ್ದು ಇವತ್ತು ಓಡುತ್ತಿಲ್ಲ ಅಂದರೆ ಓಡಲು ಆಗುತ್ತಿಲ್ಲ, ಅಥವಾ ತಲೆ ಸರಿಯಿಲ್ಲ. ರೇಬಿಸ್ ನಾಯಿಗೆ ಮಾತ್ರ ಅಂತ ಜನ ಅಂದುಕೊಳ್ಳುತ್ತಾರೆ, ಬೆಕ್ಕಿಗೂ ಬರುತ್ತದೆ. ಯಾವಾಗಲೂ ಮೈಮೇಲೆ ಬೀಳುತ್ತದೆ ಅಂತೇನಿಲ್ಲ. ಕೆಲವು ಮಂಕಾಗಿ, ಮೆತ್ತಗಾಗಿ, ನಿಮ್ಮದರ ಹಾಗೆ ಹತ್ತಿರ ಬಂದು ಕೂರುತ್ತವೆ.

ನನ್ನ ಮನಸ್ಸು ಇನ್ನೊಂದು ಕಡೆಗೂ ಎಳೆಯುತ್ತಿದೆ. ಬಟ್ಟಲ ಹತ್ತಿರ ತಾನೇ ಬರುತ್ತದೆ, ಕಚ್ಚುತ್ತದೆ, ನೋವಿಗೆ ಕಿರುಚುತ್ತದೆ ಅಂದಿರಿ. ಅದಕ್ಕೆ ಹಸಿವಿದೆ, ಬಾಯಿ ಬಿಡುತ್ತಿಲ್ಲ. ಹಲ್ಲು ಮುರಿದಿರಬಹುದು. ಒಸಡೆಲ್ಲ ಹುಣ್ಣಾಗಿರಬಹುದು, ಬೀದಿಯ ಗಂಡುಬೆಕ್ಕುಗಳಲ್ಲಿ ಅದನ್ನು ಎಷ್ಟೋ ನೋಡಿದ್ದೇನೆ. ನಾಲಿಗೆ ಬುಡಕ್ಕೆ ದಾರ ಸುತ್ತಿರಬಹುದು, ಮೂಳೆ ಸಿಕ್ಕಿಕೊಂಡಿರಬಹುದು. ಆದರೆ ರೇಬಿಸ್ ಬಂದದ್ದಕ್ಕೂ ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಹೊರಗಿನಿಂದ ನೋಡಿ ಇದು ಅದಲ್ಲ ಅಂತ ಯಾರೂ ಹೇಳಲಾರರು. ಫೋಟೋ ನೋಡಿ ಹೇಳುತ್ತೇನೆ ಅಂದರೆ ನಂಬಬೇಡಿ. ನಾನು ಹೇಳಿದರೂ.

ಬಾಯಿ ಬಿಡಿಸಿ ನೋಡಲು ಹೋಗಬೇಡಿ. ಬಟ್ಟಲ ಹತ್ತಿರ ಬರುತ್ತದೆ ತಾನೆ, ಬಟ್ಟಲನ್ನೇ ಬೋನಿನೊಳಗೆ ಇಡಿ. ತಳಕ್ಕೆ ಪೇಪರ್ ಹಾಸಿ, ತಂತಿ ಪಾದಕ್ಕೆ ಚುಚ್ಚಿದರೆ ಒಳಗೆ ಬರುವುದಿಲ್ಲ. ಬಾಗಿಲು ಬಿದ್ದ ಕೂಡಲೇ ಮೇಲೆ ದಪ್ಪ ಕಂಬಳಿ ಹೊದಿಸಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಹಾಗೇ ಹತ್ತಿರದ ಪಶುವೈದ್ಯರಿಗೆ ಮೊದಲೇ ಫೋನ್ ಮಾಡಿ, ಪರಚಿದ್ದನ್ನೂ ಹೇಳಿ, ತೆಗೆದುಕೊಂಡು ಹೋಗಿ. ಅಲ್ಲಿ ಮಂಪರು ಬರಿಸಿಯೇ ನೋಡಬೇಕು. ಪರಚಿದ ದಿನದಿಂದ 10 ದಿನ ಅದು ಜೀವಂತವಾಗಿ, ಆರೋಗ್ಯವಾಗಿ ಇದ್ದರೆ ಆ ದಿನ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದು ಲೆಕ್ಕ. ನಡುವೆ ಸತ್ತರೆ ಹೂಳಬೇಡಿ, ವೈದ್ಯರಿಗೆ ತಿಳಿಸಿ. ಮೆದುಳು ಪರೀಕ್ಷೆ ಮಾಡಿಸಬೇಕಾಗುತ್ತದೆ. ಆ 10 ದಿನ ನೋಡಿ ಆಮೇಲೆ ಇಂಜೆಕ್ಷನ್ ಅಂತ ಕಾಯುವ ಹಾಗಿಲ್ಲ. ಹೋಗಿ ಬಂದು ಇಲ್ಲಿ ಬರೆಯಿರಿ.

ಶುಭೋದಯ: ಬೆಕ್ಕಿನ ಬಾಯಿಹುಣ್ಣು, ಜೊಲ್ಲಿಗೆ ರಾಮಬಾಣ!! ಕರ್ಪೂರ ಕರಗಿಸಿದ ಎಣ್ಣೆ ಒಸಡಿಗೆ ಹಚ್ಚಿ, ಒಂದು ಎಸಳು ಬೆಳ್ಳುಳ್ಳಿ ತಿನ್ನಿಸಿ. ನೋವಿದ್ದರೆ ಅರ್ಧ ಪ್ಯಾರಾಸಿಟಮಾಲ್. ಎಲ್ಲರಿಗೂ ಹಂಚಿ.

ಡಾಕ್ಟರ್: ಯಾರಿಗೂ ಹಂಚಬೇಡಿ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ಸರಿಯಾಗಿ ಇಲ್ಲ. ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ, ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಸಿಗದೆ ಸಾಯುತ್ತದೆ. 500 ಮಿಲಿಗ್ರಾಮಿನ ಮಾತ್ರೆಯಲ್ಲಿ ಅರ್ಧ ಸಾಕು. ಕರ್ಪೂರವೂ ವಿಷ. ಬೆಳ್ಳುಳ್ಳಿ ಆಗಲೇ ಹೇಳಿದ್ದೇನೆ. ಮೂರು ಸಾಲಲ್ಲಿ ಮೂರು ವಿಷ, ಅದಕ್ಕೆ ರಾಮಬಾಣ ಅಂತ ಹೆಸರು. ರೇಬಿಸ್ ಇರಬಹುದು ಅಂತಿರುವ ಬೆಕ್ಕಿನ ಬಾಯಿಗೆ ಬೆರಳು ಹಾಕಿ ಎಣ್ಣೆ ಹಚ್ಚಬೇಕಂತೆ. ಅಡ್ಮಿನ್, ದಯವಿಟ್ಟು ತೆಗೆಯಿರಿ.

ಶುಭೋದಯ: ನನಗೂ ಯಾರೋ ಕಳಿಸಿದ್ದು. ಒಳ್ಳೇದಕ್ಕೇ ಹಾಕಿದೆ.

ಹೊಸಬ: ಬೆಕ್ಕಿಗೆ ಹಾಲು ಕೊಡಬಹುದಾ ಸರ್?

ಡಾಕ್ಟರ್: ಮೇಲೆ ನೋಡಿ.

ಕೋಳಿಗೂಡು: ಇಷ್ಟೆಲ್ಲ ಯಾಕೆ? ನಾನು ಎರಡನ್ನು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬಂದೆ. ನನ್ನ ಆರು ಕೋಳಿಮರಿ ಹೋಗಿವೆ. ಊಟ ಹಾಕಿ ಕರೆಯುವವರೇ ಇದಕ್ಕೆಲ್ಲ ಕಾರಣ.

ಹಂಚಿನಮನೆ: ಗೋಣಿಚೀಲದಲ್ಲಿ ಹಾಕುವಾಗ ಕೈ ನಡುಗಲಿಲ್ವಾ?

ಕೋಳಿಗೂಡು: ಕೋಳಿಮರಿ ಹೋದಾಗ ನಿಮ್ಮ ಕೈ ನಡುಗಿತಾ?

ಡಾಕ್ಟರ್: ಕೋಳಿಗೂಡು ಅವರೇ, ಕೋಳಿಮರಿ ಹೋದ ಸಂಕಟ ಅರ್ಥವಾಗುತ್ತದೆ. ಆದರೆ ಬಿಟ್ಟು ಬಂದದ್ದರಿಂದ ಏನಾಯಿತು? ಈಗ ಬೆಕ್ಕು ಬರುತ್ತಿಲ್ವಾ?

ಕೋಳಿಗೂಡು: ಬೇರೆ ಬಂದಿದೆ. ಕೆಂಚು.

ಡಾಕ್ಟರ್: ಅದೇ ನಾನು ಹೇಳಬೇಕೆಂದಿದ್ದದ್ದು. ಇಲಿ, ಅಡಗುವ ಜಾಗ, ಎಂಜಲು ಇರುವ ತನಕ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಬಿಟ್ಟು ಬಂದದ್ದು ಗೊತ್ತಿಲ್ಲದ ಜಾಗದಲ್ಲಿ ಹಸಿದು ಸಾಯುತ್ತದೆ, ಇಲ್ಲವೇ ವಾಪಸ್ ಬರಲು ಹೋಗಿ ದಾರಿಯಲ್ಲಿ ಸಾಯುತ್ತದೆ. ಹಿಡಿದು, ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದಲ್ಲೇ ಬಿಡಿ. ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿ ಚೂರು ಕತ್ತರಿಸುತ್ತಾರೆ, ಅದೇ ಬೆಕ್ಕನ್ನು ಎರಡನೇ ಸಲ ಹಿಡಿಯದಿರಲಿ ಅಂತ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬದ ಕಾಲ 63ರಿಂದ 65 ದಿನ. ಮರಿ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಹುದು. ಕೋಳಿಮರಿಗೆ ಮಾತ್ರ ಆಪರೇಷನ್ ರಕ್ಷಣೆಯಲ್ಲ, ಸಣ್ಣ ಕಣ್ಣಿನ ಬಲೆ ಹಾಕಿದ ಗೂಡೇ ಬೇಕು. ಮೇಲೂ ಮುಚ್ಚಿ.

ಹಕ್ಕಿಪ್ರಿಯ: ಹಿಡಿದಲ್ಲೇ ಬಿಡಿ ಅನ್ನೋದನ್ನು ನಾನು ಒಪ್ಪುವುದಿಲ್ಲ. ಆಪರೇಷನ್ ಆದ ಬೆಕ್ಕು ಹಕ್ಕಿ ಹಿಡಿಯಲ್ವಾ? ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ದೀಪಸ್ತಂಭದ ಕಾವಲುಗಾರನ ಒಂದೇ ಒಂದು ಬೆಕ್ಕು ಒಂದಿಡೀ ಹಕ್ಕಿ ಜಾತಿಯನ್ನೇ ಮುಗಿಸಿತು.

ಸುಮ್ನೆಓದುವವ: ಒಂದೇ ಬೆಕ್ಕು ಅನ್ನೋದು ಕಟ್ಟುಕಥೆ. 1890ರ ದಶಕದಲ್ಲಿ ಆ ದ್ವೀಪದಲ್ಲಿ ಬೆಕ್ಕುಗಳು ಹೆಚ್ಚಿ ಕಾಡು ಸೇರಿದ್ದವು. ಎಲ್ಲ ಸೇರಿ ಮುಗಿಸಿದ್ದು. ಅದು ಹಾರಲು ಬಾರದ ಪುಟ್ಟ ಹಕ್ಕಿ, ಅಷ್ಟು ಹೊತ್ತಿಗೆ ಅಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ.

ಹಕ್ಕಿಪ್ರಿಯ: ಒಂದೋ ಹತ್ತೋ, ಮುಗಿಸಿದ್ದು ಬೆಕ್ಕೇ ಅಲ್ವಾ? ನನ್ನ ಮಾತಿಗೇ ಬಂದಿರಿ.

ಸುಮ್ನೆಓದುವವ: ದ್ವೀಪವೂ ನಿಮ್ಮ ಹಿತ್ತಲೂ ಒಂದೇನಾ?

ಹಕ್ಕಿಪ್ರಿಯ: ಹಿತ್ತಲ ಹಕ್ಕಿಗಳಿಗೆ ಜೀವ ಇಲ್ವಾ?

ಹಂಚಿನಮನೆ: ಹಾಗಂತ ಗೋಣಿಚೀಲ ಸರಿನಾ?

ಕೋಳಿಗೂಡು: ಮತ್ತೆ ಗೋಣಿಚೀಲಕ್ಕೇ ಬಂದರು ಇವರು.

ಡಾಕ್ಟರ್: ಹಕ್ಕಿಪ್ರಿಯ ಅವರ ಆಕ್ಷೇಪ ನ್ಯಾಯವಾದದ್ದೇ. ಆಪರೇಷನ್ ಆದದ್ದೂ ಬೇಟೆಯಾಡುತ್ತದೆ. ಸಂಖ್ಯೆ ಹೆಚ್ಚುವುದು ನಿಲ್ಲುತ್ತದೆ ಅಷ್ಟೇ, ಅದೂ ಅಲ್ಲಿರುವ ಬಹುಪಾಲು ಬೆಕ್ಕುಗಳಿಗೆ ಆಪರೇಷನ್ ಆದರೆ ಮಾತ್ರ. ಅಪರೂಪದ ಹಕ್ಕಿ ಗೂಡು ಕಟ್ಟುವ ಜಾಗದಲ್ಲಿ ಊಟ ಹಾಕಿ ಬೆಕ್ಕು ಸೇರಿಸಬೇಡಿ. ಇದರ ಮೇಲೆ ನಾನು ವಾದ ಮಾಡುವುದಿಲ್ಲ. ಕೊಟ್ಟಿಗೆಮೂಲೆ ಅಕ್ಕ ಆಸ್ಪತ್ರೆಗೆ ಹೋದರಾ? ಯಾರಿಗಾದರೂ ಗೊತ್ತಾ?

ನಡುಮನೆ: ಕಿವಿ ಕೆರೆದು ಕೆರೆದು ಗಾಯ ಮಾಡಿಕೊಂಡಿದೆ, ಮೈಯೆಲ್ಲ ಚಿಗಟ. ನಾಯಿಗೆ ತಂದ ಚಿಗಟದ ಹನಿ ಉಳಿದಿದೆ, ಅರ್ಧ ಹಾಕಲಾ?

ಡಾಕ್ಟರ್: ಬೇಡ! ಡಬ್ಬಿ ಮೇಲೆ ಪರ್ಮೆಥ್ರಿನ್ ಅಂತ ಇದೆಯಾ ನೋಡಿ. ನಾಯಿಗೆ ಒಗ್ಗುತ್ತದೆ, ಬೆಕ್ಕಿಗೆ ನಡುಕ, ಫಿಟ್ಸ್, ಸಾವು. ಅರ್ಧ, ಕಾಲು ಅನ್ನೋ ಲೆಕ್ಕ ಇಲ್ಲ. ಆಪರೇಷನ್‌ಗೆ ಒಯ್ದ ದಿನವೇ ಕಿವಿ, ಚಿಗಟ ಎರಡನ್ನೂ ನೋಡಿಸಿ.

ನಡುಮನೆ: ಸೀಮೆಎಣ್ಣೆ?

ಡಾಕ್ಟರ್: ಇಲ್ಲ.

ನಡುಮನೆ: ಬೇವಿನೆಣ್ಣೆ ಆದರೂ?

ಡಾಕ್ಟರ್: ಸ್ವಾಮಿ, ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮನೆಯಲ್ಲಿರುವ ಎಣ್ಣೆಗಳ ಪಟ್ಟಿ ಒಂದೊಂದಾಗಿ ಕೇಳಬೇಡಿ.

ನಡುಮನೆ: ಕೇಳಿ ಅಂತ ನೀವೇ ತಾನೆ ಹಾಕಿದ್ದು? ಕೇಳಿದರೆ ಹೀಗೆ ಹಾರುತ್ತೀರಿ.

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ.

ಮಳೆಗಾಲ: ಬಿಳಿ ಬೆಕ್ಕಿನ ಪ್ರಶ್ನೆ ಹಾಗೇ ಉಳಿಯಿತು.

ಕೊಟ್ಟಿಗೆಮೂಲೆ: ಆಸ್ಪತ್ರೆಗೆ ಹೋಗಿ ಬಂದೆ. ಲಸಿಕೆ ಆಯಿತು, ಗೀರಿನ ಸುತ್ತಲೂ ಚುಚ್ಚಿದರು, ಕಣ್ಣಲ್ಲಿ ನೀರು ಬಂತು. ಬೆಕ್ಕು ಸಂಜೆ ಬೋನಿಗೆ ಬಿತ್ತು. ನಾಳೆ ಬೆಳಿಗ್ಗೆ ಒಯ್ಯುತ್ತೇವೆ. ಕಂಬಳಿ ಹೊದಿಸಿದ ಮೇಲೆ ನಿಜವಾಗಲೂ ಸುಮ್ಮನಾಯಿತು.

ಡಾಕ್ಟರ್: ಅಬ್ಬಾ. ಕೈ ಹಾಕಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಸೌದೆರಾಶಿ: ಹಿಟ್ಟಿನ ಮೇಲೆ ಹೆಜ್ಜೆ ಬಿದ್ದಿದೆ! ಬೆಳಿಗ್ಗೆ ನೋಡಿದರೆ ಮರಿಗಳೇ ಇಲ್ಲ.

ಡಾಕ್ಟರ್: ತಾಯಿ ಜಾಗ ಬದಲಿಸಿದೆ. ನೀವು ಎಷ್ಟು ಸಲ ಇಣುಕಿದಿರಿ?

ಸೌದೆರಾಶಿ: ಐದಾರು ಸಲ.

ಹೊಸಬ: ಸರ್ ಮೇಲೆ ನೋಡಿದೆ, ಸಿಗಲಿಲ್ಲ. ಹಾಲು ಕೊಡಬಹುದಾ?

ಡಾಕ್ಟರ್: ಇಲ್ಲ.

ಕೊಟ್ಟಿಗೆಮೂಲೆ: ಮಂಪರು ಬರಿಸಿ ನೋಡಿದರು. ಅಂಗುಳಿಗೆ ಅಡ್ಡಲಾಗಿ, ಎರಡು ಕಡೆಯ ದವಡೆಹಲ್ಲಿನ ನಡುವೆ ಒಂದು ಮೂಳೆ ಚೂರು ಬಿಗಿಯಾಗಿ ಕೂತಿತ್ತು. ಬೆಂಕಿಕಡ್ಡಿಯಷ್ಟು. ಅದರ ಕೆಳಗೆಲ್ಲ ಕೀವು. ತೆಗೆದರು, ಇಂಜೆಕ್ಷನ್ ಕೊಟ್ಟರು. 10 ದಿನ ದೊಡ್ಡ ಬೋನಲ್ಲೇ ಇಡಿ, ಎಲ್ಲ ಸರಿಯಿದ್ದರೆ ಆಮೇಲೆ ಆಪರೇಷನ್ ಅಂದರು. ಮೂಳೆ ಅಂತ ಗೊತ್ತಾಯಿತಲ್ಲ, ನಾನು ಉಳಿದ ಲಸಿಕೆ ಬಿಡಬಹುದಾ?

ಡಾಕ್ಟರ್: ಬಿಡಬೇಡಿ. ಮೂಳೆ ಸಿಕ್ಕಿತು ಅಂದ ಮಾತ್ರಕ್ಕೆ ರೇಬಿಸ್ ಇಲ್ಲ ಅಂತ ಆಗುವುದಿಲ್ಲ. 10 ದಿನ ಆಗಲಿ. ನಿಲ್ಲಿಸುವುದೋ ಬೇಡವೋ ಲಸಿಕೆ ಕೊಟ್ಟ ಡಾಕ್ಟರ್ ಹೇಳಲಿ, ಈ ಗುಂಪಲ್ಲ.

ಕೋಳಿಗೂಡು: ಮೂಳೆ ಯಾರು ಹಾಕಿದ್ದು ಅಂತಲೂ ಕೇಳಿ.

ಹಂಚಿನಮನೆ: ಇವರನ್ನು ಯಾರಾದರೂ ಗುಂಪಿನಿಂದ ತೆಗೆಯಿರಿ.

ಅಡ್ಮಿನ್: ಇಬ್ಬರಿಗೂ ಕೊನೆಯ ಎಚ್ಚರಿಕೆ. ಹೊಸ ಪ್ರಶ್ನೆ ಇಲ್ಲಿಗೆ ಬಂದ್. ಕೊಟ್ಟಿಗೆಮೂಲೆ ಅವರು ಮಾತ್ರ ಬರೆಯಬಹುದು.

ಕೊಟ್ಟಿಗೆಮೂಲೆ: ಇವತ್ತಿಗೆ ಎಂಟನೇ ದಿನ. ಮೂರನೇ ಲಸಿಕೆ ನಿನ್ನೆ ಆಯಿತು. ಬಟ್ಟಲು ಖಾಲಿ ಮಾಡುತ್ತಿದೆ, ಜೊಲ್ಲಿಲ್ಲ. ಬೆಳಿಗ್ಗೆ ನೀರು ಬದಲಿಸಲು ಹೋದರೆ ಕಿವಿ ಮಡಚಿ ಗುರ್ ಅಂತು, ಮೂಲೆಗೆ ಒತ್ತಿಕೊಂಡು ಕೂತಿತು. ಮೊದಲಿನ ಹಾಗೇ.

ಡಾಕ್ಟರ್: ಒಳ್ಳೇದು. ಸವರಲು ಹೋಗಬೇಡಿ.