ದುರ್ವಾಸನೆ ಮರದ ಸಸ್ಪೆನ್ಷನ್ ಬೆಳೆಯುತ್ತಿದೆ, ಕ್ಯಾಂಪ್ಟೊಥೆಸಿನ್ ಮಾತ್ರ ಸಿಗುತ್ತಿಲ್ಲ

ಎಲೆತುದಿ:
ದುರ್ವಾಸನೆ ಮರದ (ನೋಥಾಪೊಡೈಟಿಸ್ ನಿಮ್ಮೋನಿಯಾನಾ) ಎಲೆಯಿಂದ ಕ್ಯಾಲಸ್ (ಆಕಾರವಿಲ್ಲದ ಕೋಶಗಳ ಗಂಟು) ತೆಗೆದು ಸಸ್ಪೆನ್ಷನ್ (ದ್ರವದಲ್ಲಿ ತೇಲುವ ಕೋಶಗಳ ಕೃಷಿ) ಮಾಡಿದ್ದೇವೆ. ಬೇಕಾದದ್ದು ಕ್ಯಾಂಪ್ಟೊಥೆಸಿನ್, ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಆಲ್ಕಲಾಯ್ಡ್. ಎಂಎಸ್ (ಮುರಾಶಿಗೆ–ಸ್ಕೂಗ್) ಪೋಷಕ ಮೀಡಿಯಂ, ಲೀಟರಿಗೆ ಸಕ್ಕರೆ 30 ಗ್ರಾಂ, ಹಾರ್ಮೋನ್‌ಗಳಾಗಿ 2,4-ಡಿ 2 ಮಿ.ಗ್ರಾಂ, ಕೈನೆಟಿನ್ 0.5 ಮಿ.ಗ್ರಾಂ, ಪಿಎಚ್ 5.8. 250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ., 110 ಆರ್‌ಪಿಎಂ, 25 ಡಿಗ್ರಿ, ಕತ್ತಲೆ. 14 ದಿನಕ್ಕೊಮ್ಮೆ ಹೊಸ ಮೀಡಿಯಂಗೆ ದಾಟಿಸಿ ಸಬ್‌ಕಲ್ಚರ್. ಕೋಶ ಚೆನ್ನಾಗಿ ಹೆಚ್ಚುತ್ತದೆ, ಆದರೆ ಮೂರನೇ ಸುತ್ತಿನಿಂದ 11ನೇ ದಿನದ ಹೊತ್ತಿಗೆ ಕಂದು ತಿರುಗುತ್ತಿದೆ. ಕೋಶದ ಸಾರವನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕಿದರೆ ಕ್ಯಾಂಪ್ಟೊಥೆಸಿನ್ ಪೀಕ್ ಇಲ್ಲ. ಅದೇ ಮರದ ತೊಗಟೆಯ ಸಾರದಲ್ಲಿ ಪೀಕ್ ಸ್ಪಷ್ಟವಾಗಿ ಬರುತ್ತದೆ. ಔಷಧಾಂಶ ತಯಾರಿಕೆಯನ್ನು ಪ್ರಚೋದಿಸಲು ಮೀಥೈಲ್ ಜಾಸ್ಮೊನೇಟ್ 100 ಮೈಕ್ರೋಮೋಲಾರ್ ಮೊದಲ ದಿನವೇ ಹಾಕಿ ನೋಡಿದ್ದಾಯಿತು, ಬೆಳವಣಿಗೆ ಕುಂಠಿತವಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಎಲ್ಲಿಂದ ಸರಿಪಡಿಸಬೇಕು?

ಹಸಿರುಕೋಶ:
ಕಂದಾಗುವುದು ಒಂದು ತೊಂದರೆ, ಔಷಧಾಂಶ ಬಾರದಿರುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿ.

ಕಂದು ಬಣ್ಣ ಫೀನಾಲ್‌ಗಳು ಉತ್ಕರ್ಷಣಗೊಂಡಾಗ ಬರುವುದು. 11ನೇ ದಿನಕ್ಕೇ ಬಣ್ಣ ಬಂದರೆ 14ರವರೆಗೆ ಕಾಯಬೇಡಿ, 9 ಅಥವಾ 10ನೇ ದಿನವೇ ಸಬ್‌ಕಲ್ಚರ್ ಮಾಡಿ. ಹಳೆಯ ದ್ರವವನ್ನು ಹೊಸ ಫ್ಲಾಸ್ಕಿಗೆ ದಾಟಿಸುವುದೇ ದೊಡ್ಡ ತಪ್ಪು. ಫ್ಲಾಸ್ಕನ್ನು ಲ್ಯಾಮಿನಾರ್ ಫ್ಲೋ ಒಳಗೆ ಓರೆಯಾಗಿಟ್ಟು ಹತ್ತು ನಿಮಿಷ ಬಿಡಿ. ಕೋಶ ಮೂಲೆಯಲ್ಲಿ ಕೆನೆಯ ಹಾಗೆ ಕೂರುತ್ತದೆ, ಮೇಲೆ ಚಹಾ ಬಣ್ಣದ ನೀರು ನಿಲ್ಲುತ್ತದೆ. ಆ ನೀರನ್ನು ಪಿಪೆಟ್ಟಿನಿಂದ ಎಳೆದು ಚೆಲ್ಲಿ, ಕೆಳಗಿನ ಕೋಶದಿಂದ 2.5–3 ಗ್ರಾಂ ಹಸಿ ತೂಕ ತೆಗೆದು 50 ಮಿ.ಲೀ. ಹೊಸ ಮೀಡಿಯಂಗೆ ಹಾಕಿ. ಕಡಿಮೆ ಹಾಕಿದರೆ ಕೋಶ ಚೇತರಿಸಿಕೊಳ್ಳುವುದು ತಡವಾಗುತ್ತದೆ. ಲೀಟರಿಗೆ 100 ಮಿ.ಗ್ರಾಂ ಆಸ್ಕಾರ್ಬಿಕ್ ಆಮ್ಲ, 50 ಮಿ.ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಬಹುದು. ಆಸ್ಕಾರ್ಬಿಕ್ ಆಮ್ಲವನ್ನು ಆಟೋಕ್ಲೇವ್‌ಗೆ ಹಾಕಬೇಡಿ, ಶಾಖಕ್ಕೆ ಕೆಡುತ್ತದೆ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಆಮೇಲೆ ಸೇರಿಸಿ. ಇದ್ದಿಲು ಬೇಡವೇ ಬೇಡ, ನಿಮ್ಮ 2,4-ಡಿಯನ್ನೂ ಅದೇ ಹೀರಿಕೊಳ್ಳುತ್ತದೆ.

ಇನ್ನು ಔಷಧಾಂಶ. 2,4-ಡಿ ಕೋಶವನ್ನು ವಿಭಜನೆಗೆ ತಳ್ಳುತ್ತದೆ, ಆಲ್ಕಲಾಯ್ಡ್ ತಯಾರಿಕೆಯನ್ನು ಬಹಳ ಸಲ ಅದುಮಿಡುತ್ತದೆ. ಬೆಳೆಸುವ ಮೀಡಿಯಂ, ಔಷಧಾಂಶ ತೆಗೆಯುವ ಮೀಡಿಯಂ ಒಂದೇ ಆಗಿರಬೇಕಿಲ್ಲ. ಜಪಾನಿನಲ್ಲಿ ಮಿತ್ಸುಯಿ ಪೆಟ್ರೋಕೆಮಿಕಲ್‌ನವರು 1980ರ ದಶಕದ ಮೊದಲಲ್ಲಿ ಶಿಕೋನಿನ್ ಎಂಬ ಕೆಂಪು ಬಣ್ಣವಸ್ತು ತೆಗೆದದ್ದು ಹೀಗೆಯೇ: ಒಂದು ತೊಟ್ಟಿಯಲ್ಲಿ ಕೋಶ ಹೆಚ್ಚಿಸಿ, ಅಮೋನಿಯಂ ಇಲ್ಲದ ಬೇರೆ ಮೀಡಿಯಂ ಇದ್ದ ಎರಡನೇ ತೊಟ್ಟಿಗೆ ದಾಟಿಸಿದರು. ನೀವು 9ನೇ ದಿನದ ಕೋಶವನ್ನು ಹಾರ್ಮೋನ್ ಇಲ್ಲದ ಮೀಡಿಯಂನಲ್ಲಿ ಎರಡು ಸಲ ತೊಳೆದು, ಲೀಟರಿಗೆ 2,4-ಡಿ ಬದಲು ಇನ್ನೊಂದು ಹಾರ್ಮೋನ್ ಆದ ಎನ್‌ಎಎ 1 ಮಿ.ಗ್ರಾಂ, ಸಕ್ಕರೆ 50 ಗ್ರಾಂ ಇರುವ ಮೀಡಿಯಂಗೆ ಹಾಕಿ ನೋಡಿ. ಅಲ್ಲಿ ತೂಕ ಹೆಚ್ಚಾಗದಿದ್ದರೆ ಗಾಬರಿ ಬೇಡ.

ಬೇರುಬಳ್ಳಿ:
ಮೇಲಿನದನ್ನು ಮಾಡಿ, ಆದರೆ ಅದರ ಮೇಲೇ ಪೂರ್ತಿ ಭರವಸೆ ಇಡಬೇಡಿ. ಕ್ಯಾಂಪ್ಟೊಥೆಸಿನ್ ಅಂಗರಚನೆಯನ್ನು (ಬೇರಿನಂಥ ಅಂಗ ರೂಪುಗೊಂಡಿರುವುದನ್ನು) ಕೇಳುವ ವಸ್ತು. ಇದೇ ವಸ್ತು ಇರುವ ಓಫಿಯೊರೈಜಾ ಪ್ಯುಮಿಲಾ ಗಿಡದಲ್ಲಿ ಕ್ಯಾಲಸ್ ಇದನ್ನು ಕೊಡಲಿಲ್ಲ, ಅದೇ ಗಿಡದ ರೋಮಬೇರು (ಬ್ಯಾಕ್ಟೀರಿಯಾ ಸೋಂಕಿನಿಂದ ಬರುವ ಕವಲುಬೇರು) ಕೊಟ್ಟಿತು. ಅದರಲ್ಲೊಂದು ಭಾಗ ಮೀಡಿಯಂಗೂ ಇಳಿಯಿತು, ವಸ್ತು ಹೀರಿಕೊಳ್ಳುವ ರೆಸಿನ್ ಹಾಕಿ ಅದನ್ನು ಹಿಡಿಯಬಹುದು. ಟ್ಯಾಕ್ಸಸ್ ಕೋಶಗಳು 75,000 ಲೀಟರ್ ತೊಟ್ಟಿಯಲ್ಲೂ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತವೆ ಎಂಬ ಕಾರಣಕ್ಕೆ ಎಲ್ಲ ಗಿಡದ ಕೋಶವೂ ಹಾಗೇ ನಡೆಯುವುದಿಲ್ಲ.

ರೋಮಬೇರು ಪಡೆಯಲು ಎಳೆಯ ಕಾಂಡದ ತುಂಡಿಗೆ ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಸೋಂಕಿಸಿ, 2 ದಿನ ಜೊತೆಗಿಟ್ಟು, ಬ್ಯಾಕ್ಟೀರಿಯಾ ಕೊಲ್ಲಲು ಲೀಟರಿಗೆ ಸೆಫೊಟಾಕ್ಸಿಮ್ 500 ಮಿ.ಗ್ರಾಂ ಇರುವ ಮೀಡಿಯಂಗೆ ದಾಟಿಸಿ. ಬಂದ ಬೇರು ಹಾರ್ಮೋನ್ ಇಲ್ಲದೆ ಕವಲೊಡೆಯಬೇಕು. ಪಿಸಿಆರ್‌ನಲ್ಲಿ ಬೇರಿಗೆ ಸೇರುವ ಜೀನ್ ರೋಲ್-ಬಿ ಕಾಣಬೇಕು, ಬ್ಯಾಕ್ಟೀರಿಯಾದಲ್ಲೇ ಉಳಿಯುವ ಜೀನ್ ವಿರ್-ಡಿ ಕಾಣಬಾರದು. ಎರಡೂ ಕಂಡರೆ ಬ್ಯಾಕ್ಟೀರಿಯಾ ಇನ್ನೂ ಒಳಗಿದೆ ಎಂದರ್ಥ. ಮರದ ಜಾತಿಯಾದ್ದರಿಂದ ಸೋಂಕು ಹತ್ತುವುದು ಕಷ್ಟ, ನೂರಾರು ತುಂಡು ಹಾಕುವ ಸಿದ್ಧತೆ ಇರಲಿ.

ಎಲೆತುದಿ:
ಧನ್ಯವಾದ. ಹಾಗಾದರೆ ಪೀಕ್ ಇಲ್ಲ ಎಂದರೆ ವಸ್ತುವೇ ಇಲ್ಲ ಎಂದು ತೀರ್ಮಾನಿಸಬಹುದೇ?

ಕಾಲಂ18:
ಇಲ್ಲ. ಹಸಿರುಕೋಶ ಹೇಳಿದಂತೆ ಹಳೆಯ ಮೀಡಿಯಂ ಚೆಲ್ಲುತ್ತಿದ್ದೀರಾ? ಚೆಲ್ಲಬೇಡಿ, ಅದನ್ನೂ ಅಳೆಯಿರಿ. ಕ್ಯಾಂಪ್ಟೊಥೆಸಿನ್‌ನ ಲ್ಯಾಕ್ಟೋನ್ ಉಂಗುರ ಕ್ಷಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ರೂಪ ಎಚ್‌ಪಿಎಲ್‌ಸಿಯ ಸಿ-18 ಕಾಲಮ್ಮಿನಲ್ಲಿ ಬೇಗ ಹೊರಬಂದು ಮೊದಲಿಗೆ ಬರುವ ಪೀಕ್‌ಗಳ ಗುಂಪಿನಲ್ಲಿ ಕಳೆದುಹೋಗುತ್ತದೆ, ನೀವು ಪೀಕ್ ಇಲ್ಲ ಅಂದುಕೊಳ್ಳುತ್ತೀರಿ. ಮೀಡಿಯಂ ಪಿಎಚ್ 3ಕ್ಕೆ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಕ್ಲೋರೋಫಾರ್ಮಿನಲ್ಲಿ ಮೂರು ಸಲ ಎಳೆಯಿರಿ. ಎಚ್‌ಪಿಎಲ್‌ಸಿಗೂ ಮೊದಲು ತೆಳುಪದರದ ಮೇಲೆ ವಸ್ತು ಬೇರ್ಪಡಿಸುವ ಟಿಎಲ್‌ಸಿ ಹಾಕಿ. 365 ನ್ಯಾನೋಮೀಟರ್ ದೀಪದಡಿ ಗಾಢ ನೀಲಿ ಹೊಳೆಯುತ್ತದೆ, ಸ್ಟಾಂಡರ್ಡ್ ಪಕ್ಕದಲ್ಲಿಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕೈಗವಸು ಹಾಕಿಯೇ ಮುಟ್ಟಿ, ಇದು ಡಿಎನ್‌ಎ ತಿರುಚು ಬಿಡಿಸುವ ಕಿಣ್ವ ಟೊಪೊಐಸೊಮರೇಸ್-1 ಅನ್ನು ಸಿಕ್ಕಿಸಿ ಕೋಶ ಕೊಲ್ಲುವ ವಸ್ತು.

ಹಸಿರುಕೋಶ:
ಜಾಸ್ಮೊನೇಟ್ ವಿಷಯ ಬಿಟ್ಟುಹೋಗಿತ್ತು. ಮೊದಲ ದಿನ ಹಾಕಿದ್ದೇ ಕುಂಠಿತಕ್ಕೆ ಕಾರಣ, ಬೆಳವಣಿಗೆ ಮುಗಿಯುವ ಹೊತ್ತಿಗೆ ಹಾಕಬೇಕು. 224 ಮಿ.ಗ್ರಾಂ ಅನ್ನು ಎಥನಾಲ್‌ನಲ್ಲಿ ಕರಗಿಸಿ 10 ಮಿ.ಲೀ. ಮಾಡಿದರೆ 100 ಮಿಲಿಮೋಲಾರ್. 50 ಮಿ.ಲೀ. ಫ್ಲಾಸ್ಕಿಗೆ ಅದರಲ್ಲಿ 50 ಮೈಕ್ರೋಲೀಟರ್ ಸಾಕು. ಕಂಟ್ರೋಲ್ ಫ್ಲಾಸ್ಕಿಗೂ ಅಷ್ಟೇ ಎಥನಾಲ್ ಹಾಕಿ. ಇದು ಆವಿಯಾಗುವ ವಸ್ತು, ಹತ್ತಿಯ ಮುಚ್ಚಳ ಇದ್ದರೆ ಪಕ್ಕದ ಫ್ಲಾಸ್ಕಿಗೂ ಹೋಗುತ್ತದೆ. ಆದ್ದರಿಂದ ಕಂಟ್ರೋಲನ್ನು ಬೇರೆ ಶೇಕರಿನಲ್ಲಿಡಿ, ಒಂದೇ ಶೇಕರಿದ್ದರೆ ಎರಡು ಸಲ ಪ್ರಯೋಗ ಮಾಡಿ.