ಟೊಮೆಟೊ ಗಿಡ ಹಸಿರಿರುವಾಗಲೇ ಬಾಡಿ ಸಾಯ್ತಾ ಉಂಟು, ಎಲ್ಲ ಮಾಡಿ ಆಯ್ತು

ಕುಂಬಳೆ_ಅಂಗಳ
ಗಿಡ ಸೊಂಟದೆತ್ತರ ಬಂದು ಮೊದಲ ಗೊಂಚಲು ಕಾಯಿ ಕಚ್ಚುವ ಹೊತ್ತಿಗೆ ತಲೆ ಬಗ್ಗಿಸ್ತದೆ. ಬೆಳಗ್ಗೆ ಸರಿ ಇರ್ತದೆ, ಮಧ್ಯಾಹ್ನ ತುದಿ ಜೋಲು, ರಾತ್ರಿ ಮತ್ತೆ ಎದ್ದ ಹಾಗೆ ಕಾಣ್ತದೆ. ಮೂರ್ನಾಲ್ಕು ದಿವಸದಲ್ಲಿ ಪೂರ್ತಿ ಬಿದ್ದಾಯ್ತು. ಎಲೆ ಹಳದಿ ಆಗಿಲ್ಲ, ಚುಕ್ಕೆ ಇಲ್ಲ, ಹುಳ ಇಲ್ಲ. ಗೊಬ್ಬರ ಹಾಕಿದ್ದೇನೆ, ಔಷಧಿಯೂ ಸಿಂಪಡಿಸಿದ್ದೇನೆ. ಸಾಲಿನ ಒಂದು ತುದಿಯಿಂದ ಶುರುವಾಗಿ ಒಂದೊಂದೇ ಹೋಗ್ತಾ ಉಂಟು. ದಯವಿಟ್ಟು "ನೀರು ಹಾಕಿ" ಅಂತ ಬರೀಬೇಡಿ.

ಹೊಸೂರು_ತಾರಸಿ
ನೀರು ಹಾಕಿ ಅನ್ನಲ್ಲ, ನೀರು ನಿಲ್ಸಿ ಅಂತೀನಿ. ಹತ್ತರಲ್ಲಿ ಎಂಟು ಕೇಸ್ ಇದೇ. ಬೇರಿಗೆ ಗಾಳಿ ಸಿಗದೆ ಇದ್ರೆ ಮಣ್ಣು ಒದ್ದೆ ಇದ್ರೂ ಗಿಡಕ್ಕೆ ನೀರೆಳೆಯಕ್ಕಾಗಲ್ಲ, ಬಾಡುತ್ತೆ. ಬೆರಳು ಎರಡು ಇಂಚು ಇಳಿಸಿ ನೋಡಿ, ತೇವ ಇದ್ರೆ ಅವತ್ತು ನೀರು ಬೇಡ. ಯಾವ ತಳಿ, ಎಷ್ಟು ಲೀಟರ್ ಬ್ಯಾಗು, ಏನು ಮಣ್ಣಿನ ಮಿಕ್ಸು, ಏನೂ ಬರೆದಿಲ್ವಲ್ಲ?

ಕುಂಬಳೆ_ಅಂಗಳ
ಬ್ಯಾಗಲ್ಲ, ನೆಲದಲ್ಲೇ. ತಳಿ ಅಂಗಡಿಯವರು ಕೊಟ್ಟದ್ದು. ಎರಡು ದಿವಸಕ್ಕೊಮ್ಮೆ ನೀರು.

ಮೈಲುತುತ್ತು
ಅಡಿಕೆಗೆ ಮಾಡಿದ ಬೋರ್ಡೋ ಉಳಿದಿದ್ರೆ ಬುಡಕ್ಕೆ ಎರೆಯಿರಿ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಕೊಳೆರೋಗಕ್ಕೆ ಆಗುವಂಥದ್ದು ಟೊಮೆಟೊಗೆ ಆಗದಾ?

ನೀರ್ಚಾಲು_ಅಕ್ಕ
ಅದು ಅಡಿಕೆ ಗೊನೆಯ ಮೇಲೆ ಪದರ ಹಾಗೆ ಕೂತು ಶಿಲೀಂಧ್ರ ಮೊಳೆಯದ ಹಾಗೆ ತಡೆಯುವ ಮದ್ದು. ಕಾಂಡದ ಒಳಗೆ ಹೋದ ರೋಗಕ್ಕೆ ಅದರಿಂದ ಏನೂ ಆಗುದಿಲ್ಲ. ಉಳಿದ ಬೋರ್ಡೋ ಅಂತೂ ಬೇಡವೇ ಬೇಡ, ಅದು ಮಾಡಿದ ದಿವಸವೇ ಮುಗಿಸ್ಬೇಕು. ಮಾರನೆ ದಿವಸಕ್ಕೆ ಹರಳುಗಟ್ಟಿ ನೋಝಲ್‌ಗೂ ದಂಡ, ಗಿಡಕ್ಕೂ ದಂಡ.

ಮೈಲುತುತ್ತು
ಮಾರನೆ ದಿವಸ ಸಿಂಪಡಿಸಿ ಅಂತ ನಾನು ಎಲ್ಲಿ ಹೇಳಿದೆ? ಬೆಲ್ಲ ಹಾಕಿದ್ರೆ ಒಂದು ದಿವಸ ನಿಲ್ತದೆ, ಅದು ಎಲ್ಲರಿಗೂ ಗೊತ್ತುಂಟು.

ಹೊಸೂರು_ತಾರಸಿ
ತುತ್ತು ಬೆಲ್ಲ ಎಲ್ಲ ಆಮೇಲೆ. ಎರಡು ದಿನಕ್ಕೊಮ್ಮೆ ನೆಲಕ್ಕೆ ನೀರು ಅಂದ್ರೆ ಜಾಸ್ತೀನೇ. ರಾಯಕೋಟೆ ಕಡೆ ಕೆಂಪು ಮಣ್ಣಲ್ಲಿ ಡ್ರಿಪ್ ಹಾಕಿರೋರು ಸಹ ಮಣ್ಣು ನೋಡ್ಕೊಂಡೇ ನೀರು ಬಿಡ್ತಾರೆ. ಇನ್ನೊಂದು ವಿಷಯ, ಕುಂಬಳೆ ಅಂದ್ರೆ ಕಡಲ ಪಕ್ಕ ಅಲ್ವಾ? ಬಾವಿ ನೀರು ಉಪ್ಪಿರ್ಬಹುದು. ಇಸಿ ಮೀಟರ್ (ನೀರಿನ ಉಪ್ಪು ಅಳೆಯೋದು) ಇಟ್ಟು ನೋಡಿ. ನೀರಿನ ಇಸಿ 1.7 dS/m ದಾಟಿದ್ರೆ ಟೊಮೆಟೊ ಇಳುವರಿ ಕಡಿಮೆ ಆಗ್ತಾ ಹೋಗುತ್ತೆ.

ಪೆರ್ಲ_ಹಟ್ಟಿಗೊಬ್ಬರ
ಉಪ್ಪು ನೀರಾದ್ರೆ ಎಲೆಯ ಅಂಚು ಸುಡ್ತದೆ, ಗಿಡ ಗಿಡ್ಡ ಆಗ್ತದೆ, ಎಲ್ಲ ಗಿಡಕ್ಕೂ ಒಟ್ಟಿಗೆ ಆಗ್ತದೆ. ನೀರು ಹೆಚ್ಚಾದ್ರೆ ಕೆಳಗಿನ ಎಲೆ ಮೊದಲು ಹಳದಿ ಆಗ್ತದೆ. ಇವರು ಬರೆದದ್ದು ನೋಡಿ: ಹಸಿರಾಗಿಯೇ ಬಾಡ್ತದೆ, ರಾತ್ರಿ ಏಳ್ತದೆ, ಸಾಲಿನ ತುದಿಯಿಂದ ಒಂದೊಂದೇ. ನಮ್ಮ ಹುಳಿ ಮುರಮಣ್ಣಿನಲ್ಲಿ ಇದಕ್ಕೆ ಮೊದಲ ಅನುಮಾನ ಬ್ಯಾಕ್ಟೀರಿಯಾ ಸೊರಗು ರೋಗ, ಬ್ಯಾಕ್ಟೀರಿಯಾದ ಹೆಸರು ರಾಲ್‌ಸ್ಟೋನಿಯ.

ಅನುಮಾನ ಬೇಡ, ನೋಡಿಯೇ ಬಿಡುವ. ಈಗಷ್ಟೇ ಬಾಡಿದ ಗಿಡ ಬೇಕು, ಒಣಗಿದ್ದು ಆಗುದಿಲ್ಲ. ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಕಾಂಡ ಕೊಯ್ದು ಒಂದು ಗೇಣಿನ ಅರ್ಧದಷ್ಟು ತುಂಡು ತೆಗೆಯಿರಿ. ಕೊಯ್ದ ಜಾಗದಲ್ಲಿ ಸಿಪ್ಪೆಯ ಒಳಗೆ ಕಂದು ಉಂಗುರ ಕಾಣ್ತದಾ ನೋಡಿ. ಗಾಜಿನ ಲೋಟಕ್ಕೆ ತಿಳಿನೀರು ಹಾಕಿ ತುಂಡಿನ ಕೆಳತುದಿ ಮಾತ್ರ ಮುಳುಗುವ ಹಾಗೆ ನೂಲಿನಲ್ಲಿ ಕಟ್ಟಿ ಇಳಿಬಿಡಿ, ಅಲ್ಲಾಡಿಸ್ಬೇಡಿ. ಹಿಂದೆ ಕಪ್ಪು ಬಟ್ಟೆ ಹಿಡಿದ್ರೆ ಚಂದ ಕಾಣ್ತದೆ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯ ಹಾಗೆ ಬಿಳಿ ದಾರ ಕೆಳಗಿಳಿದ್ರೆ ಅದೇ. ಫ್ಯುಸೇರಿಯಂ ಶಿಲೀಂಧ್ರದ ಸೊರಗು ಆದ್ರೆ ಕಂದು ಉಂಗುರ ಇರ್ತದೆ, ದಾರ ಇಳಿಯುದಿಲ್ಲ.

ಮತ್ತೆ, ಆ ಜಾಗದಲ್ಲಿ ಮೊದಲು ಏನಿತ್ತು?

ಹೊಸೂರು_ತಾರಸಿ
ಟೆಸ್ಟ್ ಮಾಡಿ, ಬೇಡ ಅನ್ನಲ್ಲ. ಆದ್ರೂ ಮೊದಲು ಒಂದು ವಾರ ನೀರು ನಿಲ್ಸಿ ನೋಡೋದು ಒಳ್ಳೇದು.

ಕುಂಬಳೆ_ಅಂಗಳ
ಟೆಸ್ಟ್ ಮಾಡಿದೆ. ಲೋಟದ ತಳದವರೆಗೆ ಬಿಳಿ ಎಳೆ ಇಳಿಯಿತು, ಆಮೇಲೆ ನೀರೇ ಕದಡಿ ಹೋಯ್ತು. ಮೊದಲು ಅಲ್ಲಿ ಬದನೆ ಇತ್ತು, ಅದೂ ಹೀಗೇ ಸತ್ತಿತ್ತು. ಅದಕ್ಕಿಂತ ಮೊದಲು ಹಸಿಮೆಣಸು. ಅದಕ್ಕೂ ಇದಕ್ಕೂ ಏನು ಸಂಬಂಧ? ಮೇಲಿನ ತೋಟದ ನೀರು ಮಳೆಗಾಲದಲ್ಲಿ ಆ ತುದಿಯಲ್ಲೇ ಇಳಿಯುದು.

ಪೆರ್ಲ_ಹಟ್ಟಿಗೊಬ್ಬರ
ಮಾರಾಯ್ರೆ, ಇದನ್ನು ಮೊದಲೇ ಹೇಳ್ಬೇಕಿತ್ತು! ಮೆಣಸು, ಬದನೆ, ಟೊಮೆಟೊ ಮೂರೂ ಒಂದೇ ಕುಟುಂಬ. ಸತ್ತ ಬದನೆಯ ಬೇರಿನಲ್ಲಿ ಇದ್ದದ್ದು ಮಣ್ಣಿನಲ್ಲೇ ಉಳಿದಿದೆ, ನೀರಿನೊಟ್ಟಿಗೆ ಸಾಲಿಡೀ ಹರಡ್ತಾ ಉಂಟು. ಹಿಡಿದ ಗಿಡಕ್ಕೆ ಮದ್ದಿಲ್ಲ, ಯಾವ ಬಾಟ್ಲಿಯನ್ನೂ ಕೊಳ್ಬೇಡಿ.

ಬಾಡಿದ್ದನ್ನು ಬುಡದ ಮಣ್ಣಿನ ಸಮೇತ ಗೋಣಿಗೆ ಹಾಕಿ ಹೊರಗೆ ತನ್ನಿ, ಸುಡಿ. ಗೊಬ್ಬರದ ಗುಂಡಿಗೆ ಹಾಕಿದ್ರೆ ಬರುವ ವರ್ಷ ರೋಗವನ್ನು ನೀವೇ ಬುಟ್ಟಿಯಲ್ಲಿ ಹೊತ್ತು ಹಾಕಿದ ಹಾಗೆ. ನೀರು ಹಾಯಿಸುದು ನಿಲ್ಲಿಸಿ, ಗಿಡಗಿಡಕ್ಕೆ ಚೊಂಬಿನಲ್ಲಿ ಹಾಕಿ, ಒಳ್ಳೆ ಗಿಡಕ್ಕೆ ಮೊದಲು, ರೋಗದ ತುದಿಗೆ ಕೊನೆಗೆ. ಬುಡ ಕೆದಕಬೇಡಿ, ಬೇರಿಗೆ ಗಾಯ ಆದಲ್ಲಿಂದಲೇ ಅದು ಒಳಗೆ ಹೋಗುದು. ಕತ್ತಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ.

ನೀರ್ಚಾಲು_ಅಕ್ಕ
ಉಳಿದ ಗಿಡದ ಬುಡಕ್ಕೆ ಬ್ಲೀಚಿಂಗ್ ಪೌಡರ್ ಲೀಟರಿಗೆ 2 ಗ್ರಾಂ ಕಲಸಿ, ತಿಳಿ ಮಾಡಿ ಎರೆಯಬಹುದು. ಸ್ವಲ್ಪ ದಿವಸ ತಡೆದು ನಿಲ್ಲಿಸ್ತದೆ, ಕಾಯಿ ಸಿಗುವಷ್ಟು.

ಪೆರ್ಲ_ಹಟ್ಟಿಗೊಬ್ಬರ
ಅಕ್ಕ, ಬ್ಲೀಚಿಂಗ್ ಹಾಕಿದಲ್ಲಿ ರೋಗ ತಡೆಯುವ ಒಳ್ಳೆ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್ ಬದುಕುದಿಲ್ಲ. ನಾನು ಲೀಟರಿಗೆ 20 ಗ್ರಾಂ ಸ್ಯೂಡೋಮೊನಾಸನ್ನೇ ಎರೆಯಿರಿ ಅನ್ನುವವ.

ನೀರ್ಚಾಲು_ಅಕ್ಕ
ರೋಗ ಸಾಲಿನಲ್ಲಿ ನಡೀತಾ ಇರುವಾಗ ಸ್ಯೂಡೋಮೊನಾಸ್ ತಡ ಆಯ್ತು. ಅದು ಸಸಿ ನೆಡುವಾಗಿನ ಕೆಲಸ, ಬೇರನ್ನು ಅದೇ ದ್ರಾವಣದಲ್ಲಿ 20 ನಿಮಿಷ ಅದ್ದಿ ನೆಡುದು. ಎರಡರಲ್ಲಿ ಒಂದು ಮಾಡಿ, ಎರಡನ್ನೂ ಮಾಡಿ ದುಡ್ಡು ಹಾಳು ಮಾಡ್ಬೇಡಿ.

ಮಣ್ಣಿನ ಹುಳಿ ತೆಗೆಯದೆ ಯಾವುದೂ ನಿಲ್ಲುದಿಲ್ಲ. ಸೆಂಟಿಗೆ 2ರಿಂದ 3 ಕೆಜಿ ಸುಣ್ಣ, ನೆಡುವ 15 ದಿವಸ ಮೊದಲು, ಮಣ್ಣು ತೇವ ಇರುವಾಗ ಹರಡಿ ಮಗುಚಿ. ಚಿಪ್ಪು ಸುಣ್ಣವೂ ಆಗ್ತದೆ, ಡೋಲೊಮೈಟ್ ಆದ್ರೆ ಮೆಗ್ನೀಸಿಯಂ ಸಹ ಸಿಗ್ತದೆ. ಅದೇ ದಿವಸ ಹಟ್ಟಿಗೊಬ್ಬರ, ಯೂರಿಯಾ ಹಾಕಬಾರದು, ಸಾರಜನಕ ಗಾಳಿಗೆ ಹೋಗ್ತದೆ, ಮೂಗಿಗೇ ಗೊತ್ತಾಗ್ತದೆ. ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಹಾಕುದಿದ್ರೆ ಸುಣ್ಣ ಹಾಕಿ ಎರಡು ವಾರ ಕಳೆದ ಮೇಲೆ. ಅದು 1 ಕೆಜಿಗೆ 10 ಕೆಜಿ ಬೇವಿನ ಹಿಂಡಿ, 90 ಕೆಜಿ ಹಟ್ಟಿಗೊಬ್ಬರ, ನೆರಳಲ್ಲಿ ಮುಚ್ಚಿಟ್ಟು ಬೆಳೆಸಿದ್ದು.

ಅಕ್ಕಲಕೋಟ_ಎರಿಹೊಲ
ಸುಣ್ಣದ ಮಾತು ಓದಿ ನಮ್ಮ ಕಡಿ ಮಂದಿ ಯಾರೂ ಹಾಕಬ್ಯಾಡ್ರಿ. ಎರಿ ಮಣ್ಣಾಗ ಪಿಎಚ್ 8ರ ಮ್ಯಾಲ ಇರತೈತಿ, ಸುಣ್ಣ ಬಿದ್ದರ ಕಬ್ಬಿಣ, ಸತು ಸಿಗಂಗಿಲ್ಲ, ತುದಿ ಎಲಿ ಬೆಳ್ಳಗ ಆಗತಾವ. ನಮ್ಮಲ್ಲಿ ದೊಡ್ಡ ಕಾಟ ಬಿಳಿನೊಣ, ಎಲಿಮುಟುರು. ಆಮ್ಯಾಲೆ ಚೊಂಬಿಲೆ ಯಾಕ ನೀರ ಹಾಕತೀರಿ, ಡ್ರಿಪ್ ಮಾಡ್ರಿ. 200 ಲೀಟರ್ ಡ್ರಮ್ಮು ಐದು ಅಡಿ ಕಟ್ಟಿ ಮ್ಯಾಲ, 120 ಮೆಶ್ ಫಿಲ್ಟರ್, 16 ಎಂಎಂ ಪೈಪು, 40 ಸೆಂಟಿಮೀಟರಿಗೊಂದು ಡ್ರಿಪ್ಪರ್. ಮೋಟಾರ್ ಇಲ್ಲ, ಕರೆಂಟ್ ಇಲ್ಲ, ತೊಟ್ಟು ನೀರ ಹೊರಗ ಹೋಗಂಗಿಲ್ಲ.

ಹೊಸೂರು_ತಾರಸಿ
ಐದಡಿ ಎತ್ತರಕ್ಕೆ ಒತ್ತಡ 0.15 ಬಾರ್ ಬರುತ್ತೆ ಅಷ್ಟೆ. ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಒತ್ತಡ ಹೆಚ್ಚುಕಮ್ಮಿ ಆದ್ರೂ ಒಂದೇ ಸಮ ನೀರು ಬಿಡೋದು) ಹಾಕಿದ್ರೆ ಸರಿಯಾಗಿ ನೀರು ಬರಲ್ಲ, ಮಾಮೂಲಿ ಡ್ರಿಪ್ಪರ್ ಹಾಕ್ಬೇಕು, ಸಾಲು ಉದ್ದ ಆಗ್ಬಾರ್ದು. ಇಲ್ಲಿ ನಾವು ಟೈಮರ್, ಸಣ್ಣ ಡಯಾಫ್ರಂ ಪಂಪು, ನೀರಿಗೆ ಗೊಬ್ಬರ ಸೇರ್ಸೋ ವೆಂಚುರಿ ಎಲ್ಲ ಕೂರ್ಸಿದೀವಿ, ಬ್ಯಾಗಿಗೆ ಎರಡು ಡ್ರಿಪ್ಪರ್. ಫೋಟೋ ಬೇಕಾದ್ರೆ ಹಾಕ್ತೀನಿ.

ಅಕ್ಕಲಕೋಟ_ಎರಿಹೊಲ
ಹಾಕ್ರಿ ಸರ. ವೆಂಚುರಿ ಮುಕ್ಕಾಲು ಇಂಚಿಂದೇನು?

ಕುಂಬಳೆ_ಅಂಗಳ
ನನ್ನ ಟೊಮೆಟೊ ಎಲ್ಲಿಗೆ ಹೋಯ್ತು? ಇನ್ನು ಆ ಜಾಗದಲ್ಲಿ ಟೊಮೆಟೊ ಆಗುದೇ ಇಲ್ವಾ?

ಪೆರ್ಲ_ಹಟ್ಟಿಗೊಬ್ಬರ
ಈ ಸಲ ಅಲ್ಲಿ ಅಲಸಂಡೆ, ಹರಿವೆ, ಬೆಂಡೆ ಹಾಕಿ. ಮೇಲಿನ ನೀರು ಬೇರೆ ಕಡೆ ತಿರುಗುವ ಹಾಗೆ ಒಂದು ಕಣಿ ತೆಗೆಯಿರಿ, ಅದಿಲ್ಲದೆ ಉಳಿದದ್ದೆಲ್ಲ ದಂಡ. ಮಾರ್ಚ್–ಏಪ್ರಿಲಿನಲ್ಲಿ ಮಣ್ಣು ಒದ್ದೆ ಮಾಡಿ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಮಣ್ಣು ಒತ್ತಿ, 4ರಿಂದ 6 ವಾರ ಬಿಸಿಲಿಗೆ ಬಿಡಿ. ಕಪ್ಪು ಪ್ಲಾಸ್ಟಿಕ್ ಆಗುದಿಲ್ಲ, ಅದು ತಾನು ಬಿಸಿಯಾಗ್ತದೆ, ಮಣ್ಣನ್ನು ಅಷ್ಟು ಬಿಸಿ ಮಾಡುದಿಲ್ಲ.

ತಳಿಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಮೂರಕ್ಕೂ ಈ ರೋಗಕ್ಕೆ ನಿರೋಧಕ ಗುಣ ಉಂಟು, ಬೀಜವನ್ನೂ ಉಳಿಸಿಕೊಳ್ಳಬಹುದು.

ಹೊಸೂರು_ತಾರಸಿ
ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಯಾಕೆ ಬಿಟ್ರಿ? ಎಲೆಮುಟುರು, ಸೊರಗು, ಎಲೆ ಅಂಗಮಾರಿ, ಮೂರಕ್ಕೂ ತಡೆ ಇದೆ, ಕಾಯಿ ಗಟ್ಟಿ.

ಪೆರ್ಲ_ಹಟ್ಟಿಗೊಬ್ಬರ
ಒಳ್ಳೆಯದೇ. ಎಫ್1 ಹೈಬ್ರಿಡ್, ಪ್ರತಿ ಸಲ ಬೀಜ ಕೊಳ್ಬೇಕು ಅಷ್ಟೆ.

ನೀರ್ಚಾಲು_ಅಕ್ಕ
ಬೇರೆ ತಳಿಯೇ ಬೇಕು ಅಂತಾದ್ರೆ ಬದನೆಗೆ ಕಸಿ ಕಟ್ಟಿ. ಕಂಡ ಕಂಡ ಬದನೆ ಅಲ್ಲ, ಸೊರಗು ತಡೆಯುವ ಹರಿತ, ಸೂರ್ಯ ತಳಿಯಂಥದ್ದು. ಟೊಮೆಟೊಗಿಂತ ಒಂದು ವಾರ ಮೊದಲು ಬದನೆ ಬಿತ್ತಿ, ಅದು ನಿಧಾನ. ಎರಡರ ಕಾಂಡವೂ ಒಂದೇ ದಪ್ಪ ಬಂದಾಗ ಹೊಸ ಬ್ಲೇಡಿನಿಂದ ಓರೆಗೆ ಕೊಯ್ದು ಜೋಡಿಸಿ, ಒದ್ದೆ ಮಾಡಿದ ಪ್ಲಾಸ್ಟಿಕ್ ಗೂಡಿನಲ್ಲಿ ನೆರಳಿಗೆ ಒಂದು ವಾರ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರ್ಬೇಕು. ಟೊಮೆಟೊ ಸಸಿಯನ್ನು ಆಳಕ್ಕೆ ನೆಡುವ ಅಭ್ಯಾಸ ಇಲ್ಲಿ ಬೇಡ, ಟೊಮೆಟೊ ಕಾಂಡ ಬೇರು ಬಿಟ್ಟು ಮಣ್ಣು ಮುಟ್ಟಿದ್ರೆ ಕಸಿ ಕಟ್ಟಿಯೂ ಕಟ್ಟದ ಹಾಗೆಯೇ.

ಮೈಲುತುತ್ತು
ಇಷ್ಟೆಲ್ಲ ಮಾಡುವ ಬದಲು ಪೇಟೆಯಿಂದ ತಂದ್ರೆ ಅಗ್ಗ.

ಕುಂಬಳೆ_ಅಂಗಳ
ಕಣಿ ತೆಗೆಸ್ತೇನೆ. ಕಸಿಯ ಕ್ಲಿಪ್ಪು ಕಾಸರಗೋಡಿನಲ್ಲಿ ಸಿಗ್ತದಾ ಅಕ್ಕ?

ನೀರ್ಚಾಲು_ಅಕ್ಕ
ಕ್ಲಿಪ್ಪೇ ಆಗ್ಬೇಕೂಂತ ಇಲ್ಲ. ಸೈಕಲಿನ ವಾಲ್ವ್ ಟ್ಯೂಬನ್ನು ಅರ್ಧ ಇಂಚಿನ ತುಂಡು ಮಾಡಿ, ಉದ್ದಕ್ಕೆ ಒಂದು ಸೀಳು ಹಾಕಿ ಜೋಡಿಸಿದಲ್ಲಿಗೆ ತೊಡಿಸಿ. ಕಾಂಡ ದಪ್ಪ ಆದ ಹಾಗೆ ಸೀಳು ತಾನೇ ಬಿಚ್ಚಿಕೊಳ್ತದೆ.